ಗ್ರೀನ್ ಕಾರ್ಡ್ ಮೆಡಿಕಲ್: ಲಸಿಕೆ ಕಾರ್ಡ್ ಸಿಗದಿದ್ದರೆ ಏನು ಮಾಡಬೇಕು?

ಅಮೆರಿಕದ ಗ್ರೀನ್ ಕಾರ್ಡ್‌ಗೆ ಮೊದಲು ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಯಾವ ಲಸಿಕೆ ಬೇಕು, ಯಾವುದು ಲೆಕ್ಕಕ್ಕೆ ಬರುತ್ತದೆ ಎಂಬುದರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ನನಗೆ 36 ವರ್ಷ. ಎಚ್-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿದ್ದೇನೆ. ಐ-485 (ಅಮೆರಿಕದೊಳಗಿಂದಲೇ ಗ್ರೀನ್ ಕಾರ್ಡ್ ಕೇಳುವ) ಅರ್ಜಿ ಹಾಕುವ ಸಮಯ ಬಂದಿದೆ. ಚಿಕ್ಕಂದಿನ ಲಸಿಕೆ ಕಾರ್ಡ್ ಊರಿನ ಮನೆಯಲ್ಲೂ ಸಿಗುತ್ತಿಲ್ಲ. ಎಲ್ಲವನ್ನೂ ಮೊದಲಿನಿಂದ ಹಾಕಿಸಿಕೊಳ್ಳಬೇಕೆ? ತಿಂಗಳುಗಟ್ಟಲೆ ಕಾಯಬೇಕೆ?

ಕಾಯಬೇಕಾಗಿಲ್ಲ. ಕೋರ್ಸ್ ಪೂರ್ತಿ ಮುಗಿಸಿ ಬನ್ನಿ ಎಂದು ಕಾನೂನು ಹೇಳುವುದಿಲ್ಲ. ನಿಮ್ಮ ವಯಸ್ಸಿಗೆ ಬೇಕಾದ ಪ್ರತಿ ಲಸಿಕೆಗೂ ಎರಡರಲ್ಲಿ ಒಂದು ಇದ್ದರೆ ಸಾಕು: ಹಿಂದೆ ತೆಗೆದುಕೊಂಡದ್ದಕ್ಕೆ ತಾರೀಖು ಸಮೇತ ದಾಖಲೆ, ಇಲ್ಲವೇ ಈಗ ಒಂದು ಡೋಸ್. ಮುಂದಿನ ಡೋಸ್‌ಗೆ ಇನ್ನೂ ದಿನ ಆಗಿಲ್ಲದಿದ್ದರೆ, ಸಿವಿಲ್ ಸರ್ಜನ್ (ಈ ತಪಾಸಣೆಗೆ ವಲಸೆ ಇಲಾಖೆ ಮಾನ್ಯ ಮಾಡಿದ ಡಾಕ್ಟರು) ತಪಾಸಣೆಯ ವರದಿಯಾದ ಐ-693 ಫಾರ್ಮ್‌ನಲ್ಲಿ ‘ಡೋಸ್‌ಗಳ ನಡುವೆ ಸಾಕಷ್ಟು ಅಂತರವಿಲ್ಲ’ ಎಂಬ ಕಾಲಂಗೆ ಗುರುತು ಹಾಕುತ್ತಾರೆ. ಅಷ್ಟಕ್ಕೆ ಆ ಲಸಿಕೆಯ ಷರತ್ತು ಮುಗಿಯಿತು. ಉಳಿದ ಡೋಸ್‌ಗಳನ್ನು ನಿಮ್ಮ ಆರೋಗ್ಯದ ದೃಷ್ಟಿಯಿಂದ ಆಮೇಲೆ ಖಂಡಿತ ಮುಗಿಸಿ.

36 ವರ್ಷದವರಿಗೆ ಮುಖ್ಯವಾಗಿ ಬೇಕಾಗುವುದು ಇವು. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿ ಟಿಡ್ಯಾಪ್. ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಎಂಎಂಆರ್. ಸೀತಾಳೆ ಸಿಡುಬು. 59 ವರ್ಷದವರೆಗೆ ಹೆಪಟೈಟಿಸ್ ಬಿ. ಅಕ್ಟೋಬರ್ 1ರಿಂದ ಮಾರ್ಚ್ 31ರೊಳಗೆ ತಪಾಸಣೆಯಾದರೆ ಫ್ಲೂ. ದಾಖಲೆ ಇಲ್ಲದ ವಯಸ್ಕರೂ ಪೋಲಿಯೊ ಕೋರ್ಸ್ ಮುಗಿಸಬೇಕೆಂದು 2023ರಲ್ಲಿ ಶಿಫಾರಸಾಗಿರುವುದರಿಂದ ಡಾಕ್ಟರು ಅದನ್ನೂ ಕೇಳಬಹುದು. ಬಾಗಿಲಿಗೆ ಬೆರಳು ಸಿಕ್ಕಾಗಲೋ ಮೊಳೆ ಚುಚ್ಚಿದಾಗಲೋ ನಮ್ಮೂರಿನಲ್ಲಿ ಹಾಕುವ ಟಿಟಿ ಚುಚ್ಚುಮದ್ದು ಇಲ್ಲಿ ಸಾಲದು. ಅದರಲ್ಲಿರುವುದು ಧನುರ್ವಾಯುವಿನ ಅಂಶ ಒಂದೇ, ಗಂಟಲಮಾರಿಯದು ಇಲ್ಲ.

ಹೆಚ್ಚು ಜನ ಎಡವುವುದು ಯಾವುದನ್ನು ಮೊದಲು ಮಾಡಿಸಬೇಕು ಎಂಬಲ್ಲಿ. ಅಮೆರಿಕದೊಳಗಿನ ತಪಾಸಣೆಯಲ್ಲಿ 2 ವರ್ಷ ತುಂಬಿದ ಎಲ್ಲರಿಗೂ ಕ್ಷಯಕ್ಕಾಗಿ ಐಜಿಆರ್‌ಎ ರಕ್ತಪರೀಕ್ಷೆ ಆಗಲೇಬೇಕು. ಕ್ವಾಂಟಿಫೆರಾನ್ ಅಂದರೆ ಇದೇ. ಎಂಎಂಆರ್, ಸೀತಾಳೆ ಸಿಡುಬು ಎರಡೂ ಜೀವಂತ ವೈರಸ್ ಇರುವ ಲಸಿಕೆಗಳು. ಅವನ್ನು ಹಾಕಿದ ಮೇಲೆ ಕೆಲವು ವಾರ ಈ ಪರೀಕ್ಷೆಯ ಫಲಿತಾಂಶವನ್ನು ನೆಚ್ಚುವಂತಿಲ್ಲ. ಆದ್ದರಿಂದ ರಕ್ತ ಕೊಡುವುದು ಲಸಿಕೆಗೆ ಮೊದಲೇ ಆಗಬೇಕು, ಇಲ್ಲವೇ ಅದೇ ದಿನ. ಹೋದ ವಾರ ಫಾರ್ಮಸಿಯಲ್ಲಿ ಎಂಎಂಆರ್ ಹಾಕಿಸಿಕೊಂಡು ಈ ವಾರ ಸಿವಿಲ್ ಸರ್ಜನ್ ಬಳಿ ಹೋದರೆ, ಲಸಿಕೆ ಹಾಕಿದ ದಿನದಿಂದ ಕನಿಷ್ಠ 4 ವಾರ ಆಗುವವರೆಗೆ ರಕ್ತಪರೀಕ್ಷೆಗೆ ಕಾಯಬೇಕಾಗುತ್ತದೆ. ಜೀವಂತ ಲಸಿಕೆಗಳ ನಡುವೆಯೂ ಇಂಥದ್ದೇ ನಿಯಮವಿದೆ: ಎರಡೂ ಒಂದೇ ದಿನ, ಇಲ್ಲದಿದ್ದರೆ ನಡುವೆ 28 ದಿನ. ಇವತ್ತು ಎಂಎಂಆರ್, ಹತ್ತು ದಿನ ಬಿಟ್ಟು ಸೀತಾಳೆ ಸಿಡುಬಿನದು ಎಂದು ಮಾಡಿದರೆ ಎರಡನೆಯದು ಲೆಕ್ಕಕ್ಕೆ ಬರುವುದಿಲ್ಲ.

ಎಡತೋಳಿನ ಮೇಲೆ ಕ್ಷಯದ ಲಸಿಕೆಯಾದ ಬಿಸಿಜಿಯ ಆ ಸಣ್ಣ ತಗ್ಗು ಕಲೆ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಇರುತ್ತದೆ. ಐಜಿಆರ್‌ಎ ಪಾಸಿಟಿವ್ ಬಂದರೆ ‘ಬಿಸಿಜಿ ಹಾಕಿಸಿದ್ದಕ್ಕೆ ಹಾಗೆ ಬಂದಿದೆ’ ಎಂದು ವಾದಿಸುವವರಿದ್ದಾರೆ. ಆ ಮಾತು ಹಳೆಯ ಚರ್ಮದ ಪರೀಕ್ಷೆಗೆ ಹೊಂದುತ್ತದೆ, ರಕ್ತಪರೀಕ್ಷೆಯ ಮೇಲೆ ಬಿಸಿಜಿಯ ಪ್ರಭಾವವಿಲ್ಲ. ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ಆಗುತ್ತದೆ. ಅದು ಚೆನ್ನಾಗಿದ್ದು, ಕೆಮ್ಮು, ಜ್ವರದಂಥ ಲಕ್ಷಣಗಳೂ ಇಲ್ಲದಿದ್ದರೆ ಗ್ರೀನ್ ಕಾರ್ಡ್‌ಗೆ ಅದು ಅಡ್ಡಿಯಾಗುವುದಿಲ್ಲ. ಗಾಬರಿ ಬೇಡ.

ಲಸಿಕೆಯ ಬದಲು ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಟೈಟರ್ ಪರೀಕ್ಷೆಯನ್ನೂ ಒಪ್ಪುತ್ತಾರೆ. ಹೆಪಟೈಟಿಸ್ ಬಿ ಕೋರ್ಸ್ ಮುಗಿಸಿದ ನೆನಪಿದ್ದು ಕಾಗದವಿಲ್ಲದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಎಂಎಂಆರ್ ವಿಷಯದಲ್ಲಿ ನನ್ನ ಸಲಹೆ ಬೇರೆ. ದಡಾರ, ಮಂಗನಬಾವು, ರುಬೆಲ್ಲಾ ಮೂರರಲ್ಲಿ ಒಂದು ನೆಗೆಟಿವ್ ಬಂದರೂ ಚುಚ್ಚುಮದ್ದು ತಪ್ಪುವುದಿಲ್ಲ. ಪರೀಕ್ಷೆಯ ಖರ್ಚೂ ಹೋಯಿತು, ವಾರವೂ ಹೋಯಿತು. ಆರೋಗ್ಯವಂತರು ನೇರ ಲಸಿಕೆಯನ್ನೇ ಹಾಕಿಸಿಕೊಳ್ಳುವುದು ಮೇಲು. ಮೊದಲೇ ರೋಗನಿರೋಧಕ ಶಕ್ತಿ ಇದ್ದವರಿಗೆ ಇನ್ನೊಂದು ಡೋಸ್ ಬಿದ್ದರೆ ತೊಂದರೆಯಾಗುವುದಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಸಿವಿಲ್ ಸರ್ಜನ್ ಎಷ್ಟು ಫೀ ಪಡೆಯಬೇಕೆಂದು ಸರ್ಕಾರ ನಿಗದಿ ಮಾಡಿಲ್ಲ. ಹಲವರು ಇನ್ಶೂರೆನ್ಸ್ ತೆಗೆದುಕೊಳ್ಳುವುದಿಲ್ಲ. ಆದರೆ ಲಸಿಕೆಯನ್ನು ಅವರಲ್ಲೇ ಹಾಕಿಸಬೇಕೆಂಬ ನಿಯಮವೇನಿಲ್ಲ. ನಿಮ್ಮ ಇನ್ಶೂರೆನ್ಸ್ ನಡೆಯುವ ಫಾರ್ಮಸಿಯಲ್ಲೋ ಕೌಂಟಿ ಆರೋಗ್ಯ ಇಲಾಖೆಯಲ್ಲೋ ಹಾಕಿಸಿಕೊಂಡು ಪ್ರಿಂಟ್ ತಂದುಕೊಟ್ಟರೆ ಅವರು ಫಾರ್ಮ್‌ಗೆ ಇಳಿಸಿಕೊಳ್ಳುತ್ತಾರೆ. ಮೊದಲ ಭೇಟಿಯಲ್ಲಿ ರಕ್ತ ಕೊಟ್ಟು, ಯಾವ ಲಸಿಕೆ ಬೇಕೆಂದು ಬರೆಸಿಕೊಂಡು, ಫಾರ್ಮಸಿಗೆ ಹೋಗಿ, ಎರಡನೆಯ ಭೇಟಿಯಲ್ಲಿ ಸಹಿ ಮಾಡಿಸಿಕೊಳ್ಳುವುದು ಒಳ್ಳೆಯ ದಾರಿ.

ಪ್ರಶ್ನೆ: ನಮ್ಮ ಮಗಳು 2019ರಲ್ಲಿ ಹಾಸನದಲ್ಲಿ ಹುಟ್ಟಿದವಳು. ಪ್ರಾಥಮಿಕ ಆರೋಗ್ಯ ಕೇಂದ್ರದ ತಾಯಿ ಕಾರ್ಡ್‌ನಲ್ಲಿ ಒಂದು ಲಸಿಕೆಯೂ ಬಿಟ್ಟುಹೋಗಿಲ್ಲ. ಹಾಗಿದ್ದರೂ ಇಲ್ಲಿಯ ಡಾಕ್ಟರು ಎಂಎಂಆರ್, ಪೋಲಿಯೊ, ಹೆಪಟೈಟಿಸ್ ಬಿ ಮತ್ತೆ ಬೇಕು ಅನ್ನುತ್ತಾರೆ. ಇದು ಸರಿಯೇ?

ಡಾಕ್ಟರು ಹೇಳಿದ್ದು ಸರಿ. ನೀವು ಲಸಿಕೆ ಹಾಕಿಸಿದ್ದರಲ್ಲೂ ತಪ್ಪಿಲ್ಲ. ಎರಡು ದೇಶಗಳ ವೇಳಾಪಟ್ಟಿ ಬೇರೆ ಬೇರೆ, ಅಷ್ಟೇ. ಕಾರ್ಡನ್ನು ಮುಂದಿಟ್ಟುಕೊಂಡು ಒಂದೊಂದು ಸಾಲು ನೋಡೋಣ.

9 ತಿಂಗಳಿಗೆ ಒಂದು, 16 ತಿಂಗಳು ತುಂಬಿದ ಮೇಲೆ ಇನ್ನೊಂದು ಎಂದು ‘ಎಂಆರ್’ ಬರೆದಿರುತ್ತಾರೆ. ಕರ್ನಾಟಕದಲ್ಲಿ 2017ರ ಫೆಬ್ರುವರಿಯ ಅಭಿಯಾನದೊಂದಿಗೆ ಬಂದ ಈ ಲಸಿಕೆಯಲ್ಲಿರುವುದು ದಡಾರ ಮತ್ತು ರುಬೆಲ್ಲಾ ಮಾತ್ರ. ಮಂಗನಬಾವಿನದು ಇಲ್ಲ. ಜೊತೆಗೆ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕೊಟ್ಟ ಡೋಸನ್ನು ಅಮೆರಿಕದಲ್ಲಿ ಎಣಿಸುವುದೇ ಇಲ್ಲ. ಹಾಗಾಗಿ ಎಂಎಂಆರ್ ಈಗ ಒಂದು, 28 ದಿನ ಕಳೆದ ಮೇಲೆ ಇನ್ನೊಂದು. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದವರು ಬಾಟಲಿಯಿಂದ ಕಿತ್ತು ಕಾರ್ಡಿಗೆ ಅಂಟಿಸಿದ ಸಣ್ಣ ಚೀಟಿಯನ್ನು ನೋಡಿ: ಟ್ರೆಸಿವ್ಯಾಕ್ ಎಂದಿದ್ದರೆ ಅದು ಎಂಎಂಆರ್, ಎಂಆರ್-ವ್ಯಾಕ್ ಎಂದಿದ್ದರೆ ಅದರಲ್ಲಿ ಮಂಗನಬಾವಿನ ಅಂಶವಿಲ್ಲ.

ಪೋಲಿಯೊ ಹನಿಯ ಕಥೆ ಬೇರೆ. ಮೂರು ಬಗೆಯ ವೈರಸ್ಸಿದ್ದ ಹಳೆಯ ಹನಿಯನ್ನು ಭಾರತ 2016ರ ಏಪ್ರಿಲ್ 25ರಂದು ನಿಲ್ಲಿಸಿ, ಎರಡು ಬಗೆಯದಕ್ಕೆ ಬದಲಾಯಿಸಿತು. 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿದ ಹನಿಗಳನ್ನು ಅಮೆರಿಕ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಎರಡನೆಯ ಬಗೆಯ ಪೋಲಿಯೊದಿಂದ ಅದು ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ಐಪಿವಿ ಚುಚ್ಚುಮದ್ದು ಬೇಕು. ಇದೇ ಮನೆಯಲ್ಲಿ 2012ರಲ್ಲಿ ಹುಟ್ಟಿದ ಅಣ್ಣನಿದ್ದರೆ ಅವನಿಗೆ ವೇಳಾಪಟ್ಟಿಯಂತೆ ಹಾಕಿದ ಹಳೆಯ ಹನಿಗಳು ಲೆಕ್ಕಕ್ಕೆ ಬರುತ್ತವೆ!

ಹೆಪಟೈಟಿಸ್ ಬಿ: ಹುಟ್ಟಿದ ಕೂಡಲೇ ಒಂದು, ಆಮೇಲೆ ಐದು ಲಸಿಕೆ ಒಂದರಲ್ಲೇ ಇರುವ ಪೆಂಟಾವೇಲೆಂಟ್‌ನಲ್ಲಿ 6, 10, 14ನೇ ವಾರಕ್ಕೆ ಮೂರು, ಒಟ್ಟು ನಾಲ್ಕಾಗಿದೆ. ಆದರೆ ಕೊನೆಯ ಡೋಸ್ ಮಗುವಿಗೆ 24 ವಾರ ತುಂಬಿದ ಮೇಲೆ ಬಿದ್ದಿರಬೇಕು ಎಂಬುದು ಅಮೆರಿಕದ ನಿಯಮ. 14ನೇ ವಾರಕ್ಕೇ ಮುಗಿದಿರುವುದರಿಂದ ಇನ್ನೊಂದು ಬೇಕು. ಅದೊಂದರಿಂದ ಕೋರ್ಸ್ ಪೂರ್ತಿಯಾಗುತ್ತದೆ. ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅದನ್ನೂ ಹಾಕಿಸಬೇಕಾಗುತ್ತದೆ. ರೋಟಾವೈರಸ್, ಹಿಬ್ ಮಾತ್ರ ಅವಳ ವಯಸ್ಸು ದಾಟಿದೆ. ಅಲ್ಲಿ ‘ವಯಸ್ಸಿಗೆ ಅನ್ವಯಿಸದು’ ಎಂದು ಗುರುತು ಹಾಕುತ್ತಾರೆ. ಪೆಂಟಾವೇಲೆಂಟ್‌ನಲ್ಲಿದ್ದ ಡಿಪಿಟಿ ಮತ್ತು ಆಮೇಲಿನ ಬೂಸ್ಟರ್‌ಗಳು ಹಾಗೆಯೇ ಸಲ್ಲುತ್ತವೆ.

ತಾರೀಖಿನ ಬಗ್ಗೆ ಎಚ್ಚರ. ಕಾರ್ಡ್‌ನಲ್ಲಿ 05/03/2020 ಎಂದಿದ್ದರೆ ನಮಗದು ಮಾರ್ಚ್ 5, ಇಲ್ಲಿಯ ನರ್ಸ್‌ಗೆ ಮೇ 3. ಎರಡು ತಿಂಗಳ ಈ ವ್ಯತ್ಯಾಸದಿಂದ ಸಲ್ಲುವ ಡೋಸ್ ‘ಬೇಗ ಹಾಕಿದ್ದು’ ಎಂದಾಗಿ ತಿರಸ್ಕಾರವಾಗಬಹುದು. ಕಾರ್ಡಿನ ನಕಲಿನ ಜೊತೆಗೆ ತಿಂಗಳನ್ನು ಅಕ್ಷರದಲ್ಲಿ ಬರೆದ ಪಟ್ಟಿಯೊಂದನ್ನು ಕೊಡಿ. ಕನ್ನಡದಲ್ಲಿರುವ ಸಾಲುಗಳಿಗೆ ಇಂಗ್ಲಿಷ್ ಅನುವಾದವೂ ಇರಲಿ. ಮೂಲ ಕಾರ್ಡನ್ನು ಯಾರಿಗೂ ಬಿಟ್ಟುಕೊಡಬೇಡಿ.

ಪ್ರಶ್ನೆ: ನಮ್ಮ ತಂದೆ 1954ರಲ್ಲಿ, ತಾಯಿ 1959ರಲ್ಲಿ ಹುಟ್ಟಿದವರು, ಶಿವಮೊಗ್ಗದಲ್ಲಿದ್ದಾರೆ. ಮಗನಾಗಿ ನಾನು ಹಾಕಿದ ಅರ್ಜಿಯ ಮೇಲೆ ವೀಸಾ ಸಂದರ್ಶನ ಬರಲಿದೆ. ಅಮ್ಮನಿಗೆ ಚಿಕ್ಕಂದಿನಲ್ಲಿ ‘ಅಮ್ಮ ಆಗಿತ್ತು’ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಇಷ್ಟೊಂದು ಚುಚ್ಚುಮದ್ದು ಬೇಕೆ?

ಭಾರತದಲ್ಲಿ ಈ ತಪಾಸಣೆಯನ್ನು ಮಾಡುವುದು ದೂತಾವಾಸ ಮಾನ್ಯ ಮಾಡಿದ ಪ್ಯಾನಲ್ ಫಿಸಿಷಿಯನ್ ಮಾತ್ರ. ಮನೆಯ ಡಾಕ್ಟರ ಸರ್ಟಿಫಿಕೇಟ್ ತಪಾಸಣೆಯ ಬದಲಿಗೆ ನಡೆಯದು. ಆದರೆ ಅವರು ಹಾಕಿದ ಲಸಿಕೆಯ ದಾಖಲೆ ನಡೆಯುತ್ತದೆ.

1957ಕ್ಕೆ ಮುಂಚೆ ಹುಟ್ಟಿದವರಿಗೆ ಎಂಎಂಆರ್ ಬೇಡ. ಹಾಗಾಗಿ ತಂದೆಗೆ ಬೇಡ, ತಾಯಿಗೆ ಬೇಕು. 60 ದಾಟಿರುವುದರಿಂದ ಇಬ್ಬರಿಗೂ ಹೆಪಟೈಟಿಸ್ ಬಿ ಬೇಡ. 65 ದಾಟಿರುವುದರಿಂದ ಇಬ್ಬರಿಗೂ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಬೇಕು. ಟಿಡ್ಯಾಪ್ ಇಬ್ಬರಿಗೂ ಬೇಕು, ಹಂಗಾಮಿನಲ್ಲಿ ಫ್ಲೂ ಕೂಡ. ಸರ್ಪಸುತ್ತಿನ ಲಸಿಕೆ ಈ ಪಟ್ಟಿಯಲ್ಲಿಲ್ಲ.

‘ಅಮ್ಮ ಆಗಿತ್ತು’ ಎಂಬ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಊರುಗಳಲ್ಲಿ ಸೀತಾಳೆ ಸಿಡುಬಿಗೂ ದಡಾರಕ್ಕೂ ಅದೇ ಮಾತು. ಸೀತಾಳೆ ಸಿಡುಬು ಆಗಿತ್ತೆಂದು ವಿವರವಾಗಿ ಹೇಳಿ, ಡಾಕ್ಟರಿಗೆ ಅದು ನಂಬುವಂತೆ ಕಂಡರೆ, ಆ ಲಸಿಕೆ ಬಿಟ್ಟುಬಿಡುತ್ತಾರೆ. ದಡಾರಕ್ಕೆ ಬಾಯಿಮಾತು ನಡೆಯುವುದಿಲ್ಲ, ರಕ್ತಪರೀಕ್ಷೆಯ ವರದಿಯೇ ಬೇಕು. ಅಮ್ಮನನ್ನು ಮೊದಲೇ ಕೂರಿಸಿಕೊಂಡು ಕೇಳಿ: ನೀರು ತುಂಬಿದ ಗುಳ್ಳೆಗಳಾಗಿದ್ದವೇ? ಒಂದು ಕಡೆ ಒಣಗಿ ಹಕ್ಕಳೆ ಕಟ್ಟುವಾಗ ಇನ್ನೊಂದು ಕಡೆ ಹೊಸದು ಏಳುತ್ತಿತ್ತೇ? ತುರಿಕೆ ಇತ್ತೇ? ಹೌದಾದರೆ ಅದು ಸೀತಾಳೆ ಸಿಡುಬು. ಜ್ವರ, ಕೆಂಗಣ್ಣು, ಮೈತುಂಬ ನೀರಿಲ್ಲದ ಕೆಂಪು ದದ್ದು ಆಗಿದ್ದರೆ ದಡಾರ.

ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಯಾವ ಲಸಿಕೆಗೂ ಅಡ್ಡಿಯಲ್ಲ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಅನ್ನು ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದರೆ, ಕಿಮೋಥೆರಪಿ ನಡೆಯುತ್ತಿದ್ದರೆ ಜೀವಂತ ಲಸಿಕೆ ಕೊಡಬಾರದು. ಮಾತ್ರೆಗಳ ಪಟ್ಟಿಯನ್ನು ಮರೆಯದೆ ಕೊಂಡೊಯ್ಯಲಿ. ತಪಾಸಣೆಯ ಅವಧಿ ಸಾಮಾನ್ಯವಾಗಿ 6 ತಿಂಗಳು, ವೀಸಾದ ಅವಧಿಯೂ ಅದಕ್ಕೆ ಕಟ್ಟುಬಿದ್ದಿರುತ್ತದೆ. ಮಗಳ ಬಾಣಂತನವೋ ಮನೆಯ ಮದುವೆಯೋ ಇದ್ದರೆ ಆ ಲೆಕ್ಕ ನೋಡಿಕೊಂಡು ದಿನ ಗೊತ್ತುಮಾಡಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಹೆರಿಗೆಯವರೆಗೆ ಕಾಯಬೇಕೆ?

ಬೇಡ. ಎಂಎಂಆರ್, ಸೀತಾಳೆ ಸಿಡುಬು ಎರಡನ್ನೂ ಗರ್ಭಿಣಿಗೆ ಕೊಡಬಾರದು, ಯಾರಾದರೂ ಕೊಡಲು ಬಂದರೂ ನಿರಾಕರಿಸಿ. ಫಾರ್ಮ್‌ನಲ್ಲಿ ‘ವೈದ್ಯಕೀಯವಾಗಿ ನಿಷಿದ್ಧ’ ಎಂದು ಬರೆದರೆ ಮುಗಿಯಿತು, ಅದಕ್ಕೆ ಬೇರೆ ಅರ್ಜಿಯಿಲ್ಲ, ಫೀ ಇಲ್ಲ. ಫ್ಲೂ ಯಾವ ತಿಂಗಳಲ್ಲಾದರೂ ಆಗುತ್ತದೆ. ಟಿಡ್ಯಾಪ್ 27ರಿಂದ 36ನೇ ವಾರದೊಳಗೆ ಹಾಕಿಸಿಕೊಂಡರೆ ಹುಟ್ಟುವ ಮಗುವಿಗೂ ನಾಯಿಕೆಮ್ಮಿನಿಂದ ರಕ್ಷಣೆ ಸಿಗುತ್ತದೆ. ಆದ್ದರಿಂದ ಸಾಧ್ಯವಿದ್ದರೆ ತಪಾಸಣೆಯನ್ನು ಆ ವಾರಗಳಿಗೆ ಇಟ್ಟುಕೊಳ್ಳಿ. ಐಜಿಆರ್‌ಎ ಪಾಸಿಟಿವ್ ಬಂದರೆ ಎಕ್ಸ್‌ರೇ ಬೇಕಾಗುತ್ತದೆ. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಈಗಲೇ ತೆಗೆಸಬಹುದು, ಹೆರಿಗೆಯ ನಂತರಕ್ಕೂ ಮುಂದೂಡಬಹುದು. ಆದರೆ ಎಕ್ಸ್‌ರೇ ಆಗುವವರೆಗೆ ಡಾಕ್ಟರು ಫಾರ್ಮ್‌ಗೆ ಸಹಿ ಹಾಕುವಂತಿಲ್ಲ.

ಪ್ರಶ್ನೆ: ಕೋವಿಡ್ ಲಸಿಕೆ ಈಗಲೂ ಕಡ್ಡಾಯವೇ? ನಂಬಿಕೆಯ ಕಾರಣಕ್ಕೆ ಒಂದೆರಡು ಲಸಿಕೆ ಬೇಡ ಎನ್ನಬಹುದೇ?

ಕೋವಿಡ್ ಲಸಿಕೆ 2021ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿತ್ತು. ಅಮೆರಿಕದೊಳಗಿಂದ ಅರ್ಜಿ ಹಾಕುವವರಿಗೆ 2025ರ ಜನವರಿ 22ರಿಂದ ಆ ದಾಖಲೆ ಬೇಕಾಗಿಲ್ಲ. ನಂಬಿಕೆಯ ಪ್ರಶ್ನೆಗೆ ಉತ್ತರ: ಒಂದೆರಡಕ್ಕೆ ಮಾತ್ರ ಬೇಡ ಎನ್ನಲಾಗದು. ವಿನಾಯಿತಿ ಕೇಳುವ ಐ-601 ಅರ್ಜಿ ಹಾಕಿ, ಎಲ್ಲ ಬಗೆಯ ಲಸಿಕೆಗೂ ನಿಮ್ಮ ವಿರೋಧವಿದೆ, ಅದು ಧಾರ್ಮಿಕ ನಂಬಿಕೆ ಅಥವಾ ನೈತಿಕ ನಿಲುವಿನಿಂದ ಬಂದದ್ದು, ಮನಃಪೂರ್ವಕವಾದದ್ದು ಎಂದು ಮೂರನ್ನೂ ತೋರಿಸಬೇಕು.

ಪ್ರಶ್ನೆ: ಐ-693 ಲಕೋಟೆ ಕೈಗೆ ಬಂದಿದೆ. ತೆರೆದು ನೋಡಬಹುದೇ? ಎಷ್ಟು ದಿನ ನಡೆಯುತ್ತದೆ?

ತೆರೆಯಲೇಬೇಡಿ, ಅಂಟು ಬಿಟ್ಟ ಲಕೋಟೆಯನ್ನು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಒಪ್ಪುವುದಿಲ್ಲ. ಲಕೋಟೆ ಮುಚ್ಚುವ ಮೊದಲೇ ನಿಮ್ಮ ಪ್ರತಿ ಕೇಳಿ ಪಡೆದು ಅಲ್ಲೇ ಕೂತು ಓದಬೇಕು: ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ, ಲಸಿಕೆಯ ಕೋಷ್ಟಕದಲ್ಲಿ ಯಾವುದಾದರೂ ಸಾಲು ಖಾಲಿ ಇದೆಯೇ, ಡಾಕ್ಟರ ಸಹಿ ಮತ್ತು ತಾರೀಖು ಬಿದ್ದಿದೆಯೇ. ಲಸಿಕೆ ಹಾಕಿರಬೇಕು, ಇಲ್ಲವೇ ಹಾಕದಿದ್ದಕ್ಕೆ ಕಾರಣದ ಗುರುತಿರಬೇಕು. ಎರಡೂ ಇಲ್ಲದ ಸಾಲು ಹೆಚ್ಚಿನ ದಾಖಲೆ ಕೇಳುವ ಪತ್ರವನ್ನು ಮನೆಗೆ ತರುತ್ತದೆ. ನಿಮ್ಮ ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಹೋಗಬೇಡಿ, ಡಾಕ್ಟರು ಹೇಳಿದಾಗ ಅವರ ಎದುರಿಗೇ ಹಾಕಬೇಕು.

2024ರ ಡಿಸೆಂಬರ್ 2ರಿಂದ ಐ-693 ಅನ್ನು ಐ-485 ಜೊತೆಯಲ್ಲೇ ಸಲ್ಲಿಸಬೇಕು. 2025ರ ಜೂನ್ 11ರ ನಿಯಮದ ಪ್ರಕಾರ, 2023ರ ನವೆಂಬರ್ 1ರಂದು ಅಥವಾ ಅದರ ನಂತರ ಸಹಿಯಾದ ಫಾರ್ಮ್, ಯಾವ ಅರ್ಜಿಯ ಜೊತೆ ಹೋಯಿತೋ ಆ ಅರ್ಜಿ ನಡೆಯುತ್ತಿರುವಷ್ಟು ದಿನ ಮಾತ್ರ ಊರ್ಜಿತ. ಆ ಅರ್ಜಿ ತಿರಸ್ಕೃತವಾದರೆ, ಅಥವಾ ನೀವೇ ಹಿಂಪಡೆದರೆ, ಹೊಸ ಅರ್ಜಿಗೆ ಹೊಸ ತಪಾಸಣೆಯೇ ಆಗಬೇಕು. ಆಗ ಲಸಿಕೆಗಳನ್ನು ಮತ್ತೆ ಹಾಕಿಸುವುದು ಬೇಡ, ನಿಮ್ಮ ಬಳಿ ಇಟ್ಟುಕೊಂಡ ಆ ಪ್ರತಿಯೇ ದಾಖಲೆಯಾಗುತ್ತದೆ. ಲಸಿಕೆಗಳ ಪಟ್ಟಿ ಆಗಾಗ ಬದಲಾಗುವುದರಿಂದ, ಅಪಾಯಿಂಟ್‌ಮೆಂಟ್‌ನ ಹಿಂದಿನ ವಾರ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಿವಿಲ್ ಸರ್ಜನ್ ಸೂಚನೆಗಳ ಪುಟವನ್ನು ಒಮ್ಮೆ ನೋಡಿಕೊಂಡು ಹೋಗಿ.