ಕ್ಯಾಡ್ಮಿಯಂ ಸಲ್ಫೈಡ್: ಹಳದಿ ಎಲ್ಲಿಂದ ಬಂತು, ಯಾವಾಗ ಹೆದರಬೇಕು?

ಈ ಸಲದ ಕಂತೆಯಲ್ಲಿ ಐದು ಪ್ರಶ್ನೆಗಳು ಒಂದೇ ವಸ್ತುವಿನ ಬಗ್ಗೆ ಇದ್ದವು. ಕೇಳಿದವರು ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರು. ಒಬ್ಬರು ಲ್ಯಾಬಿನಲ್ಲಿ ಲವಣ ಪರೀಕ್ಷೆ ಮಾಡುವವರು, ಒಬ್ಬರು ಚಿತ್ರ ಬರೆಯುವವರು, ಮತ್ತೊಬ್ಬರು ಸರ್ಕ್ಯೂಟ್ ಕಟ್ಟುವವರು. ಹಾಗಾಗಿ ಈ ವಾರ ಬೇರೆ ಏನೂ ಬೇಡ, ಕ್ಯಾಡ್ಮಿಯಂ ಸಲ್ಫೈಡ್ ಒಂದೇ ಸಾಕು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಹಳದಿ ಪ್ರಕ್ಷೇಪ (ತಳಕ್ಕೆ ಇಳಿಯುವ ಪುಡಿ) ಬಂತು. ಪಕ್ಕದ ಬೆಂಚಿನ ಗೆಳತಿಗೆ ಅದೇ ಲವಣದಲ್ಲಿ ಕಿತ್ತಳೆ ಬಣ್ಣ ಬಂತು. ಯಾರದು ತಪ್ಪು? ಇನ್ನೊಂದು, ಸತುವಿನ ಸಲ್ಫೈಡ್ ಬಿಳಿ. ಸತು, ಕ್ಯಾಡ್ಮಿಯಂ ಎರಡೂ ಒಂದೇ ಗುಂಪಿನವು. ಇದಕ್ಕೆ ಮಾತ್ರ ಬಣ್ಣ ಯಾಕೆ?

ಉತ್ತರ: ಇಬ್ಬರದೂ ತಪ್ಪಲ್ಲ. ಬಣ್ಣದ ವಿಷಯ ಮೊದಲು ನೋಡೋಣ, ಯಾಕೆಂದರೆ ಇವತ್ತಿನ ಉಳಿದ ಉತ್ತರಗಳಿಗೂ ಅದೇ ಬುಡ.

ಕ್ಯಾಡ್ಮಿಯಂ ಅಯಾನಿಗೆ ತನ್ನದೇ ಬಣ್ಣ ಇಲ್ಲ. ಕ್ಯಾಡ್ಮಿಯಂ ನೈಟ್ರೇಟ್ ದ್ರಾವಣ ನೀರಿನಷ್ಟೇ ತಿಳಿಯಾಗಿರುತ್ತದೆ. ಸಲ್ಫೈಡ್ ಅಯಾನಿಗೂ ಬಣ್ಣ ಇಲ್ಲ. ಎರಡೂ ಸೇರಿ ಹರಳಾದಾಗ ಮಾತ್ರ ಬಣ್ಣ ಹುಟ್ಟುತ್ತದೆ. ಹರಳಿನೊಳಗೆ ಗಂಧಕದ ಕಡೆ ಇರುವ ಎಲೆಕ್ಟ್ರಾನ್ ಕ್ಯಾಡ್ಮಿಯಂ ಕಡೆಗೆ ಜಿಗಿಯಬೇಕಾದರೆ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಇದನ್ನೇ ಬ್ಯಾಂಡ್ ಗ್ಯಾಪ್ ಅನ್ನುವುದು. ನೇರಳೆ ಮತ್ತು ನೀಲಿ ಬೆಳಕಿಗೆ ಅಷ್ಟು ಶಕ್ತಿ ಇದೆ, ಹಾಗಾಗಿ ಹರಳು ಅದನ್ನು ನುಂಗಿಬಿಡುತ್ತದೆ. ಸುಮಾರು 510 ನ್ಯಾನೋಮೀಟರ್‌ಗಿಂತ ಉದ್ದದ ತರಂಗಗಳು, ಅಂದರೆ ಹಸಿರು, ಹಳದಿ, ಕೆಂಪು, ನುಂಗಿಸಿಕೊಳ್ಳದೆ ವಾಪಸ್ ಬರುತ್ತವೆ. ಇವೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದರೆ ಕಾಣುವುದು ಹಳದಿ.

ಸತುವಿನ ಸಲ್ಫೈಡ್‌ನಲ್ಲಿ ಈ ಜಿಗಿತಕ್ಕೆ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಕಣ್ಣಿಗೆ ಕಾಣುವ ಯಾವ ಬೆಳಕಿಗೂ ಅಷ್ಟು ಬಲ ಇಲ್ಲ. ಅದು ಏನನ್ನೂ ನುಂಗುವುದಿಲ್ಲ, ಅದಕ್ಕೇ ಬಿಳಿ. ಇನ್ನೊಂದು ತುದಿಯಲ್ಲಿ ಕ್ಯಾಡ್ಮಿಯಂ ಸೆಲೆನೈಡ್ ಇದೆ. ಅದರ ಗ್ಯಾಪ್ ಸುಮಾರು 1.7, ಹಾಗಾಗಿ ಹೆಚ್ಚುಕಡಿಮೆ ಎಲ್ಲ ಬೆಳಕನ್ನೂ ನುಂಗಿ ಕಪ್ಪುಗಟ್ಟಿದ ಹಾಗೆ ಕಾಣುತ್ತದೆ. ಬಣ್ಣ ತಯಾರಿಸುವವರ ಆಟ ನಡೆಯುವುದು ಈ ಎರಡರ ನಡುವೆ. ಸಲ್ಫೈಡ್‌ಗೆ ಸ್ವಲ್ಪ ಸತು ಸೇರಿಸಿದರೆ ನಿಂಬೆ ಹಳದಿ. ಗಂಧಕದ ಜಾಗಕ್ಕೆ ಸೆಲೆನಿಯಂ ತಂದರೆ ಕಿತ್ತಳೆ, ಇನ್ನೂ ಜಾಸ್ತಿ ತಂದರೆ ಕೆಂಪು, ಕೊನೆಗೆ ಮರೂನ್.

ಈಗ ನಿಮ್ಮ ಗೆಳತಿಯ ಕಿತ್ತಳೆಗೆ ಬರೋಣ. ಅಲ್ಲಿ ಸೆಲೆನಿಯಂ ಏನೂ ಇರಲಿಲ್ಲ. ತಳಕ್ಕೆ ಇಳಿದ ಪುಡಿಯ ಕಣಗಳು ಎಷ್ಟು ದೊಡ್ಡವು, ದ್ರಾವಣ ಎಷ್ಟು ಬಿಸಿ ಇತ್ತು, ಆಮ್ಲ ಎಷ್ಟಿತ್ತು, ಇವುಗಳ ಮೇಲೆ ಛಾಯೆ ಬದಲಾಗುತ್ತದೆ. ಒಬ್ಬರಿಗೆ ನಿಂಬೆ ಹಳದಿ, ಇನ್ನೊಬ್ಬರಿಗೆ ಕಿತ್ತಳೆ ಬರುವುದು ಮಾಮೂಲು. ನಿಜವಾಗಿ ಕೆಲಸ ಕೆಡಿಸುವುದು ಆಮ್ಲ. ಜಾಸ್ತಿ ಹಾಕಿದರೆ ಕ್ಯಾಡ್ಮಿಯಂ ತಳಕ್ಕೆ ಇಳಿಯುವುದೇ ಇಲ್ಲ, ನೀವು 'ಕ್ಯಾಡ್ಮಿಯಂ ಇಲ್ಲ' ಅಂತ ಬರೆದುಬಿಡುತ್ತೀರಿ. ತೀರಾ ಕಡಿಮೆ ಹಾಕಿದರೆ ಸತುವೂ ಜೊತೆಗೆ ಇಳಿದುಬಿಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಸುಮಾರು 0.3 ಮೋಲಾರ್‌ನಲ್ಲಿ ಇಡಿ ಅಂತ ಕೈಪಿಡಿಗಳು ಹೇಳುವುದು ಸುಮ್ನೆ ಅಲ್ಲ.

ಹಳದಿ ಕಂಡ ಕೂಡಲೇ ಕ್ಯಾಡ್ಮಿಯಂ ಅಂತಲೂ ತೀರ್ಮಾನಿಸಬೇಡಿ. ಆರ್ಸೆನಿಕ್ ಸಲ್ಫೈಡ್ ಕೂಡ ಹಳದಿಯೇ. ಹಳದಿ ಅಮೋನಿಯಂ ಸಲ್ಫೈಡ್ ಹಾಕಿ ನೋಡಿ: ಆರ್ಸೆನಿಕ್ ಕರಗುತ್ತದೆ, ಕ್ಯಾಡ್ಮಿಯಂ ಕರಗುವುದಿಲ್ಲ. ಈ ಗೊಂದಲ ಇನ್ನೂರು ವರ್ಷ ಹಳೆಯದು. ಜರ್ಮನಿಯಲ್ಲಿ ಹರ್ಮನ್ ಎಂಬ ತಯಾರಕರು ಔಷಧಕ್ಕೆ ಮಾರುತ್ತಿದ್ದ ಸತುವಿನ ಆಕ್ಸೈಡನ್ನು ಆಮ್ಲದಲ್ಲಿ ಕರಗಿಸಿ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಹಳದಿ ಬಂತು. ಔಷಧದಲ್ಲಿ ಪಾಷಾಣ ಇದೆ ಅಂತ ಗುಲ್ಲೆದ್ದಿತು. ನೋಡಿದರೆ ಅದು ಆರ್ಸೆನಿಕ್ ಅಲ್ಲ, ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ಲೋಹ. ಅದೇ ಹೊತ್ತಿಗೆ, 1817ರಲ್ಲಿ, ಗಾಟಿಂಗನ್‌ನ ಫ್ರೀಡ್ರಿಕ್ ಸ್ಟ್ರೋಮೆಯರ್ ಔಷಧದಂಗಡಿಗಳ ತಪಾಸಣೆ ಮಾಡುತ್ತಿದ್ದಾಗ ಕಾಯಿಸಿದರೆ ಹಳದಿಯಾಗುವ ಸತುವಿನ ಕಾರ್ಬೊನೇಟ್ ಕಂಡರು. ಕಬ್ಬಿಣ ಬೆರೆತಿರಬೇಕು ಅಂದುಕೊಂಡರೆ ಅದರಲ್ಲಿ ಕಬ್ಬಿಣವೇ ಇರಲಿಲ್ಲ. ಕೆದಕುತ್ತಾ ಹೋಗಿ ಕ್ಯಾಡ್ಮಿಯಂ ಪತ್ತೆ ಮಾಡಿದರು. ಇದರ ಸಲ್ಫೈಡ್ ಚಿತ್ರಕಾರರಿಗೆ ಒಳ್ಳೆ ಬಣ್ಣ ಆಗಬಹುದು ಅಂತ ಹೇಳಿದವರೂ ಅವರೇ.

ಪ್ರಶ್ನೆ: ಲ್ಯಾಬಿನಲ್ಲಿ ಒಂದು ನಿಮಿಷದಲ್ಲಿ ಆಗುವ ಈ ಪುಡಿಯನ್ನು ಕಾರ್ಖಾನೆಯಲ್ಲಿ ಹೇಗೆ ಮಾಡುತ್ತಾರೆ? ಅದೇ ವಿಧಾನವನ್ನು ದೊಡ್ಡ ಟ್ಯಾಂಕಿನಲ್ಲಿ ಮಾಡಿದರೆ ಸಾಕಲ್ವಾ?

ಉತ್ತರ: ಅರ್ಧ ದಾರಿ ಅದೇ. ಉಳಿದ ಅರ್ಧದಲ್ಲಿ ಕಷ್ಟ ಇದೆ.

ಕ್ಯಾಡ್ಮಿಯಂ ಬರುವುದು ಸತುವಿನ ಬೆನ್ನಿಗೆ. ಕ್ಯಾಡ್ಮಿಯಂ ಸಲ್ಫೈಡ್ ಪ್ರಕೃತಿಯಲ್ಲೇ ಗ್ರೀನೊಕೈಟ್ ಎಂಬ ಖನಿಜವಾಗಿ ಸಿಗುತ್ತದೆ ನಿಜ, ಆದರೆ ಅಗೆದು ತೆಗೆಯುವಷ್ಟು ಸಿಗುವುದಿಲ್ಲ. ಸತುವಿನ ಅದಿರನ್ನು ಸಂಸ್ಕರಿಸುವಾಗ ಉಪಉತ್ಪನ್ನವಾಗಿ ಕ್ಯಾಡ್ಮಿಯಂ ಕೈಗೆ ಬರುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಸಲ್ಫೇಟ್ ಅಥವಾ ನೈಟ್ರೇಟ್ ಮಾಡಿ, ಸೋಡಿಯಂ ಸಲ್ಫೈಡ್ ದ್ರಾವಣ ಸೇರಿಸುತ್ತಾರೆ. ಹಳದಿ ಕೆಸರು ಇಳಿಯುತ್ತದೆ. ಇಲ್ಲಿಯವರೆಗೆ ನಿಮ್ಮ ಟ್ಯಾಂಕ್ ಸರಿ.

ಆದರೆ ಹೀಗೆ ಇಳಿದ ಪುಡಿ ಒಳ್ಳೆ ಬಣ್ಣ ಅಲ್ಲ. ಕಣಗಳು ತೀರಾ ಸಣ್ಣವು, ಹರಳಿನ ಕಟ್ಟು ಸಡಿಲ. ಬಹುಪಾಲು ಘನಾಕಾರದ ಜೋಡಣೆಯಲ್ಲಿ ಇರುತ್ತದೆ. ಅದನ್ನು ತೊಳೆದು ಒಣಗಿಸಿ, ಗಾಳಿ ತಾಗದ ಕುಲುಮೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಸುಡುತ್ತಾರೆ. ಆಗ ಷಟ್ಕೋನದ ಜೋಡಣೆಗೆ ಬದಲಾಗಿ ಬಣ್ಣ ಗಟ್ಟಿಯಾಗುತ್ತದೆ. ಕೆಂಪು ಬೇಕಿದ್ದರೆ ಸೆಲೆನಿಯಂ ಹರಳಿನೊಳಗೆ ನೆಲೆಯಾಗುವುದೂ ಈ ಸುಡುವ ಹಂತದಲ್ಲೇ. ಗಾಳಿ ನುಸುಳಿದರೆ ಸಲ್ಫೈಡ್ ಸಲ್ಫೇಟ್ ಆಗುತ್ತದೆ, ಆಕ್ಸೈಡ್ ಆಗುತ್ತದೆ, ಮಾಲು ಹಾಳು. ಸುಟ್ಟ ಮೇಲೆ ಮತ್ತೆ ಆಮ್ಲದ ನೀರಿನಲ್ಲಿ ತೊಳೆಯುತ್ತಾರೆ. ಕರಗುವ ಕ್ಯಾಡ್ಮಿಯಂ ಚೂರೂ ಉಳಿಯಬಾರದು ಅಂತ. ನನ್ನ ಪ್ರಕಾರ ಒಂದು ಕಾರ್ಖಾನೆಯ ಯೋಗ್ಯತೆ ಗೊತ್ತಾಗುವುದು ಈ ಕೊನೆಯ ತೊಳೆತದಲ್ಲಿ ಮತ್ತು ಆ ತೊಳೆದ ನೀರನ್ನು ಎಲ್ಲಿಗೆ ಬಿಡುತ್ತಾರೆ ಅನ್ನುವುದರಲ್ಲಿ.

ಇಷ್ಟೆಲ್ಲ ಕಷ್ಟ ಯಾಕೆ ಪಡುತ್ತಾರೆ ಅಂದರೆ ಬಿಸಿ ತಡೆಯುವ ಶಕ್ತಿಗಾಗಿ. ಕೆಲವು ಪ್ಲಾಸ್ಟಿಕ್‌ಗಳನ್ನು 300 ಡಿಗ್ರಿ ಹತ್ತಿರ ಕರಗಿಸಿ ಅಚ್ಚಿಗೆ ಹಾಕುತ್ತಾರೆ. ಅಷ್ಟು ಬಿಸಿಯಲ್ಲಿ ಎಷ್ಟೋ ಸಾವಯವ ಹಳದಿಗಳು ಕಂದಿಹೋಗುತ್ತವೆ. ಇದು ಅಲುಗುವುದಿಲ್ಲ. ಗಾಜು ಮತ್ತು ಪಿಂಗಾಣಿಯ ಮೆರುಗಿಗೂ ಅದೇ ಕಾರಣಕ್ಕೆ ಬಳಕೆ.

ತೆಳು ಪದರದ ತಯಾರಿ ಪೂರ್ತಿ ಬೇರೆ ಕಥೆ. ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿದ ಸೌರಕೋಶಗಳಲ್ಲಿ ನಡುವೆ ಸುಮಾರು 50 ನ್ಯಾನೋಮೀಟರ್ ದಪ್ಪದ ಕ್ಯಾಡ್ಮಿಯಂ ಸಲ್ಫೈಡ್ ಪದರ ಹಾಕುವ ರೂಢಿ ಇದೆ. ಅಲ್ಲಿ ಅವಸರದ ಪ್ರಕ್ಷೇಪ ನಡೆಯುವುದಿಲ್ಲ. ಕ್ಯಾಡ್ಮಿಯಂಗೆ ಅಮೋನಿಯಾ ಕೊಟ್ಟು ಕಟ್ಟಿಹಾಕುತ್ತಾರೆ, ಗಂಧಕವನ್ನು ಥಯೋಯೂರಿಯಾದಿಂದ ನಿಧಾನಕ್ಕೆ ಬಿಡಿಸುತ್ತಾರೆ. ಎರಡೂ ಸ್ವಲ್ಪ ಸ್ವಲ್ಪವೇ ಸಿಗುವುದರಿಂದ ಕೋಶದ ಮೇಲೆ ಪದರ ಸಮನಾಗಿ ಬೆಳೆಯುತ್ತದೆ. ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು, ಯಾಕೆಂದರೆ ಈ ಪದರ ನುಂಗುವ ನೀಲಿ ಬೆಳಕು ವಿದ್ಯುತ್ತಾಗದೆ ವ್ಯರ್ಥ.

ಪ್ರಶ್ನೆ: ಒಂದು ಕೈಪಿಡಿಯಲ್ಲಿ ಕ್ಯಾಡ್ಮಿಯಂ ಸಲ್ಫೈಡ್ 980 ಡಿಗ್ರಿ ಅಂತಿದೆ, ಇನ್ನೊಂದರಲ್ಲಿ 1750 ಡಿಗ್ರಿ ಅಂತಿದೆ. ಕರಗುವ ಬಿಂದು ಯಾವುದು?

ಉತ್ತರ: ಎರಡೂ ಸರಿ, ಆದರೆ ಮಾಮೂಲಿ ಒತ್ತಡದ ಕರಗುವ ಬಿಂದು ಎರಡೂ ಅಲ್ಲ. ಮಾಮೂಲಿ ಒತ್ತಡದಲ್ಲಿ ಇದು ಕರಗುವುದೇ ಇಲ್ಲ, ಸುಮಾರು 980ರಲ್ಲಿ ನೇರವಾಗಿ ಆವಿಯಾಗುತ್ತದೆ. ವಾತಾವರಣದ ನೂರು ಪಟ್ಟು ಒತ್ತಡ ಹಾಕಿದರೆ ಮಾತ್ರ 1750ರ ಸುಮಾರಿಗೆ ದ್ರವವಾಗುತ್ತದೆ. ಕೈಪಿಡಿಯಲ್ಲಿ ಸಂಖ್ಯೆಯ ಪಕ್ಕದ ಸಣ್ಣ ಅಕ್ಷರವನ್ನೂ ಓದಿ.

ಪ್ರಶ್ನೆ: ಆಯಿಲ್ ಪೇಂಟಿಂಗ್ ಮಾಡುತ್ತೇನೆ. ಕ್ಯಾಡ್ಮಿಯಂ ಹಳದಿ ವಿಷ ಅಂತ ಕೆಲವರು ಹೆದರಿಸುತ್ತಾರೆ, ಏನೂ ಆಗಲ್ಲ ಅಂತ ಕೆಲವರು ಹೇಳುತ್ತಾರೆ. ಯಾರನ್ನು ನಂಬಲಿ? ಹಳೆಯ ಚಿತ್ರಗಳಲ್ಲಿ ಈ ಬಣ್ಣ ಮಾಸಿದೆ ಅಂತಲೂ ಓದಿದೆ.

ಉತ್ತರ: ಕ್ಯಾಡ್ಮಿಯಂ ವಿಷ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ರೂಪದಲ್ಲಿ, ಯಾವ ದಾರಿಯಿಂದ ಒಳಗೆ ಹೋಗುತ್ತದೆ ಅನ್ನುವುದು ಮುಖ್ಯ. ಕ್ಯಾಡ್ಮಿಯಂ ಕ್ಲೋರೈಡ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಅದು ಬಹಳ ಅಪಾಯ. ಸಲ್ಫೈಡ್ ನೀರಿನಲ್ಲಿ ಕರಗುವುದಿಲ್ಲ ಅಂದರೂ ನಡೆಯುತ್ತದೆ. ಎಣ್ಣೆಯಲ್ಲಿ ಅರೆದು ಟ್ಯೂಬಿಗೆ ತುಂಬಿದ ಬಣ್ಣ ಕೈಗೆ ತಾಗಿದರೆ ತೊಳೆದುಕೊಳ್ಳಿ, ಗಾಬರಿ ಬೇಡ. ಹೆದರಬೇಕಾದದ್ದು ಧೂಳಿಗೆ. ಒಣ ಪುಡಿಯನ್ನು ನೀವೇ ಅರೆಯಬೇಡಿ. ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಬೇಡಿ. ಸ್ಪ್ರೇ ಮಾಡಲೇಬೇಡಿ. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಟ್ಯೂಬಿನ ಹಿಂದೆ ಪಿವೈ 37 ಅಥವಾ ಪಿವೈ 35 ಅಂತ ಇದ್ದರೆ ಅದು ನಿಜವಾದ ಕ್ಯಾಡ್ಮಿಯಂ ಹಳದಿ, ಎರಡನೆಯದರಲ್ಲಿ ಸತು ಬೆರೆತಿರುತ್ತದೆ. ಪಿಆರ್ 108 ಅಂದರೆ ಕ್ಯಾಡ್ಮಿಯಂ ಕೆಂಪು. ಹೆಸರಿನ ಜೊತೆ 'ಹ್ಯೂ' ಅಂತ ಇದ್ದರೆ ಸಾಮಾನ್ಯವಾಗಿ ಬೇರೆ ಬಣ್ಣಗಳಿಂದ ಮಾಡಿದ ಅನುಕರಣೆ. ಕಲಿಯುವವರಿಗೆ ಅದು ಧಾರಾಳವಾಗಿ ಸಾಕು ಅಂತ ನನ್ನ ಅನಿಸಿಕೆ.

ಮಾಸುವ ವಿಷಯ ನಿಜ. ಬೆಳಕು ಮತ್ತು ತೇವ ಸೇರಿದರೆ ಸಲ್ಫೈಡ್ ಮೆಲ್ಲಗೆ ಸಲ್ಫೇಟ್ ಆಗುತ್ತದೆ. ಸಲ್ಫೇಟಿಗೆ ಬಣ್ಣ ಇಲ್ಲ, ಸಾಲದ್ದಕ್ಕೆ ನೀರಿನಲ್ಲಿ ಕರಗುತ್ತದೆ. ಎಡ್ವರ್ಡ್ ಮುಂಕ್ 1910ರ ಸುಮಾರಿಗೆ ಬರೆದ 'ಸ್ಕ್ರೀಮ್' ಚಿತ್ರದ ಹಳದಿ ಹೀಗೇ ಬಿಳಿಚಿಕೊಂಡಿದೆ. 2020ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿ ಬೆಳಕಿಗಿಂತ ತೇವದ್ದೇ ದೊಡ್ಡ ಪಾಲು ಅಂತ ತೋರಿಸಿತು. ಆ ಕಾಲದ ಬಣ್ಣಗಳ ತಯಾರಿ ಒಂದೇ ಸಮ ಇರಲಿಲ್ಲ. ಈಗ ಚೆನ್ನಾಗಿ ಸುಟ್ಟು ತೊಳೆದ ಬಣ್ಣ ಎಷ್ಟೋ ಗಟ್ಟಿ. ಆದರೂ ಚಿತ್ರವನ್ನು ತೇವದ ಗೋಡೆಗೆ ತೂಗುಹಾಕಬೇಡಿ.

ಪ್ರಶ್ನೆ: ಎಲ್‌ಡಿಆರ್ (ಬೆಳಕು ಬಿದ್ದರೆ ವಿದ್ಯುತ್ ರೋಧ ಇಳಿಯುವ ಬಿಡಿಭಾಗ) ಬಳಸಿ ಸಂಜೆ ತಾನಾಗಿ ಉರಿಯುವ ದೀಪ ಮಾಡಿದೆ. ಚೆನ್ನಾಗಿದೆ. ಅದೇ ಎಲ್‌ಡಿಆರ್‌ನಿಂದ ರಿಮೋಟಿನ ಸಂಕೇತ ಹಿಡಿಯಲು ನೋಡಿದರೆ ಆಗುತ್ತಿಲ್ಲ. ಕೆಟ್ಟಿದೆಯಾ? ಕ್ಯಾಡ್ಮಿಯಂ ಸಲ್ಫೈಡ್ ಇರುವ ಹಳೆಯ ಎಲ್‌ಡಿಆರ್‌ಗಳನ್ನು ಏನು ಮಾಡಲಿ?

ಉತ್ತರ: ಕೆಟ್ಟಿಲ್ಲ, ಅದರ ಸ್ವಭಾವವೇ ಹಾಗೆ. ಮೊದಲನೆಯದಾಗಿ ರಿಮೋಟ್ ಕಳಿಸುವುದು ಇನ್‌ಫ್ರಾರೆಡ್. ಅದರ ಶಕ್ತಿ ಮೊದಲು ಹೇಳಿದ 2.4 ಎಲೆಕ್ಟ್ರಾನ್ ವೋಲ್ಟ್ ಗ್ಯಾಪಿಗೆ ಎಟುಕುವುದಿಲ್ಲ. ಈ ಮಾದರಿ ಎಲ್‌ಡಿಆರ್ ನಮ್ಮ ಕಣ್ಣಿನ ಹಾಗೆಯೇ ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಒಂದು ಕಾಲದಲ್ಲಿ ಕ್ಯಾಮೆರಾದ ಲೈಟ್ ಮೀಟರ್‌ಗಳಲ್ಲಿ ಇದನ್ನು ಬಳಸುತ್ತಿದ್ದದ್ದೂ ಅದಕ್ಕೇ.

ಎರಡನೆಯದು ಅದರ ನಿಧಾನ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಜಿಗಿದು ಹರಿಯತೊಡಗುತ್ತದೆ. ಬಿಟ್ಟುಹೋದ ಖಾಲಿ ಜಾಗ ಹರಳಿನಲ್ಲಿ ಬೇಕೆಂದೇ ಬೆರೆಸಿದ ತಾಮ್ರದಂಥ ಕಲಬೆರಕೆಯ ಬಳಿ ಸಿಕ್ಕಿಕೊಳ್ಳುತ್ತದೆ. ವಾಪಸ್ ಕೂರಲು ಜಾಗ ಸಿಗದ ಎಲೆಕ್ಟ್ರಾನ್ ಬಹಳ ಹೊತ್ತು ಓಡುತ್ತಲೇ ಇರುತ್ತದೆ. ಕತ್ತಲಲ್ಲಿ 10 ಲಕ್ಷ ಓಮ್ ಇದ್ದ ರೋಧ ಬೆಳಕಿನಲ್ಲಿ ಕೆಲವು ನೂರು ಓಮ್‌ಗೆ ಇಳಿಯುವುದು ಇದರಿಂದಲೇ. ಬೆಳಕು ಹೋದ ಮೇಲೂ ತಕ್ಷಣ ಸುಮ್ಮನಾಗದೆ ಇರುವುದೂ ಇದರಿಂದಲೇ. ಸೂಕ್ಷ್ಮತೆ ಬೇಕು, ನಿಧಾನ ಬೇಡ ಅಂದರೆ ಆಗುವುದಿಲ್ಲ. ರಿಮೋಟಿಗೆ ಸಿಲಿಕಾನ್ ಫೋಟೋಡಯೋಡ್ ಹಾಕಿ.

ಹಳೆಯವುಗಳ ವಿಚಾರ ಸ್ವಲ್ಪ ಗಂಭೀರ. ಯುರೋಪಿಯನ್ ಒಕ್ಕೂಟ 2006ರ ಜುಲೈನಿಂದ ಎಲೆಕ್ಟ್ರಾನಿಕ್ ಸಾಮಾನಿನ ಯಾವುದೇ ಒಂದು ಪದಾರ್ಥದಲ್ಲಿ ಕ್ಯಾಡ್ಮಿಯಂ ತೂಕದ ಶೇ 0.01 ಮೀರಬಾರದು ಅಂತ ನಿಯಮ ಮಾಡಿದೆ. ಸೀಸಕ್ಕೆ ಇರುವ ಮಿತಿ ಇದರ ಹತ್ತು ಪಟ್ಟು, ಅಂದರೆ ಕ್ಯಾಡ್ಮಿಯಂ ಬಗ್ಗೆ ಎಷ್ಟು ಬಿಗಿ ನೋಡಿ. ಕಾರಣ ಇದೆ. ದೇಹಕ್ಕೆ ಸೇರಿದ ಕ್ಯಾಡ್ಮಿಯಂ ಕಿಡ್ನಿಯಲ್ಲಿ ಕೂತರೆ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಜಪಾನಿನ ಟೊಯಾಮಾದಲ್ಲಿ ಸತುವಿನ ಗಣಿಯ ನೀರು ಜಿನ್ಜೂ ನದಿ ಸೇರಿ, ಅಲ್ಲಿಂದ ಗದ್ದೆ ಸೇರಿ, ಜನರ ಮೂಳೆಗಳೇ ಮೆದುವಾಗಿದ್ದವು. ಆ ಕಾಯಿಲೆಗೆ 'ಇತಾಯಿ ಇತಾಯಿ' ಅಂತ ಹೆಸರು, 'ನೋವು, ನೋವು' ಅಂತ ಅರ್ಥ. 1968ರಲ್ಲಿ ಅಲ್ಲಿನ ಸರ್ಕಾರ ಕ್ಯಾಡ್ಮಿಯಂ ಕಾರಣ ಅಂತ ಒಪ್ಪಿತು.

ಹಾಗಂತ ಡಬ್ಬಿಯಲ್ಲಿರುವ ನಾಲ್ಕು ಎಲ್‌ಡಿಆರ್ ನಿಮ್ಮನ್ನೇನೂ ಮಾಡುವುದಿಲ್ಲ. ಮೇಲಿನ ಹೊದಿಕೆ ಒಡೆಯಬೇಡಿ, ಕೆರೆಯಬೇಡಿ. ಮುಖ್ಯವಾಗಿ ಸುಡಬೇಡಿ, ಸುಟ್ಟರೆ ಸಲ್ಫೈಡ್ ಆಕ್ಸೈಡಿನ ಹೊಗೆಯಾಗಿ ಶ್ವಾಸಕೋಶ ಸೇರುತ್ತದೆ. ಹಳೆ ಬ್ಯಾಟರಿಗಳ ಜೊತೆ ಎತ್ತಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೂ ಇದೇ ಮಾತು: ಆ ಹಳದಿ ನೀರನ್ನು ಸಿಂಕಿಗೆ ಸುರಿಯಬೇಡಿ. ನಾವು ಓದುವಾಗ ಹೇಳುವವರಿಲ್ಲದೆ ಸುರಿದಿದ್ದೇವೆ. ಲೇಬಲ್ ಹಚ್ಚಿದ ಒಂದು ಜಾಡಿ ಇಟ್ಟು ಅದಕ್ಕೆ ತುಂಬಿ, ಆಮ್ಲದ ತ್ಯಾಜ್ಯದ ಜೊತೆ ಮಾತ್ರ ಬೆರೆಸಬೇಡಿ. ಬೆರೆಸಿದರೆ ನೀವು ಹಾಯಿಸಿದ ಹೈಡ್ರೋಜನ್ ಸಲ್ಫೈಡ್ ಅದೇ ಜಾಡಿಯಿಂದ ಮೇಲೆದ್ದು ಬರುತ್ತದೆ.