ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ಅಂಗಡಿಯ ಹೆಸರಿನ ಹಕ್ಕು

ಮನೆತನದ ಇತಿಹಾಸ ಹುಡುಕುವವರ ಮತ್ತು ಸಣ್ಣ ವ್ಯಾಪಾರ ನಡೆಸುವವರ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ದಾವಣಗೆರೆ ಮತ್ತು ಚಿತ್ರದುರ್ಗದ ಕಡೆಯಿಂದ ಬಂದ ನಾಲ್ಕು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಕೇಳಿದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಮ್ಮದು ತಾತನ ಕಾಲದಿಂದ ನಡೆದುಬಂದ ದಿನಸಿ ಅಂಗಡಿ. ಹಳೆಯ ಮನೆಯನ್ನು ಕೆಡವುವಾಗ ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ಲೆಕ್ಕದ ಪುಸ್ತಕಗಳು ಸಿಕ್ಕಿವೆ. ಎಲ್ಲಕ್ಕಿಂತ ಹಳೆಯದಾಗಿ ಕಾಣುವ ಪುಸ್ತಕದ ಮೊದಲ ಪುಟದಲ್ಲಿ ‘ಶ್ರೀಮುಖ ಸಂವತ್ಸರದ ಆಶ್ವಯುಜ ಶುದ್ಧ ದಶಮಿ’ ಎಂದು ಬರೆದು ತಾತನ ಹೆಸರನ್ನೂ ದಾವಣಗೆರೆ ಎಂಬ ಊರಿನ ಹೆಸರನ್ನೂ ಹಾಕಲಾಗಿದೆ. ಇಸವಿ ಮಾತ್ರ ಇಲ್ಲ. ತಾತ ಧಾತು ವರ್ಷದ ಬರದಲ್ಲಿ ಜಗಳೂರು ಕಡೆಯಿಂದ ನಡೆದುಕೊಂಡು ಬಂದರೆಂದು ಅಜ್ಜಿ ಹೇಳುತ್ತಿದ್ದರು. ಹೊಸ ಫಲಕದ ಮೇಲೆ ಸ್ಥಾಪನೆಯ ವರ್ಷವನ್ನು ಬರೆಸಬೇಕೆಂದಿದ್ದೇವೆ. ನಮ್ಮದೇ ಹೆಸರಿನಲ್ಲಿ ಇನ್ನೊಬ್ಬರು ಅಂಗಡಿ ತೆರೆದಿರುವುದರಿಂದ ಹೆಸರನ್ನು ನೋಂದಾಯಿಸುವ ಯೋಚನೆಯೂ ಇದೆ. (ಮಂಡಿಪೇಟೆ, ದಾವಣಗೆರೆ)

ಉತ್ತರ: ಮೊದಲಿಗೆ, ಆ ಟ್ರಂಕಿನ ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಚಕ್ರದ ಮೊದಲನೆಯದಾದ ಪ್ರಭವವು 1867, 1927 ಮತ್ತು 1987ರ ಯುಗಾದಿಗಳಂದು ಆರಂಭವಾಯಿತು. ಅಲ್ಲಿಂದ ಎಣಿಸಿದರೆ ಏಳನೆಯದಾದ ಶ್ರೀಮುಖವು 1873–74 ಅಥವಾ 1933–34 ಆಗುತ್ತದೆ. ಪುಸ್ತಕದಲ್ಲಿ ನಿಮ್ಮ ತಾತನ ಹೆಸರೇ ಇರುವುದರಿಂದ ಅದು 1933ರ ವಿಜಯದಶಮಿಯಂದು ಪೂಜೆ ಮಾಡಿ ತೆರೆದ ಪುಸ್ತಕವೆಂದು ಧೈರ್ಯವಾಗಿ ಹೇಳಬಹುದು. ಇದೇ ಕ್ರಮದಲ್ಲಿ ಉಳಿದ ಪುಸ್ತಕಗಳ ಕಾಲವನ್ನೂ ನೀವೇ ಗೊತ್ತುಮಾಡಿಕೊಳ್ಳಬಹುದು. ಆದರೆ ಸಂವತ್ಸರ ಯುಗಾದಿಗೆ ಹುಟ್ಟುವುದರಿಂದ ಮಾಘ, ಫಾಲ್ಗುಣ ಮಾಸಗಳ ಬರಹವು ಮುಂದಿನ ಇಸವಿಗೆ ಸೇರುತ್ತದೆ ಎಂಬುದು ನೆನಪಿರಲಿ. ಮೊತ್ತಗಳಲ್ಲಿ ಉದ್ದ ಗೀಟು ಕಾಲು ರೂಪಾಯಿಯನ್ನೂ ಅಡ್ಡ ಗೀಟು ಒಂದು ಆಣೆಯನ್ನೂ ಸೂಚಿಸುತ್ತದೆ. 1957ರ ಏಪ್ರಿಲ್ 1ರಂದು ನೂರು ಪೈಸೆಯ ರೂಪಾಯಿ ಬಂದುದರಿಂದ, ಆಣೆಗಳಲ್ಲೇ ಬರೆದ ಪುಸ್ತಕವು ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು.

ಇನ್ನು ಅಜ್ಜಿಯ ಮಾತು. ಧಾತು ಎಂದರೆ 1876–77 ಅಥವಾ 1936–37. ತಾತ 1933ರಲ್ಲೇ ದಾವಣಗೆರೆಯಲ್ಲಿ ಲೆಕ್ಕ ಬರೆಯುತ್ತಿದ್ದರೆಂದ ಮೇಲೆ 1936ರಲ್ಲಿ ಬರಕ್ಕೆ ಸಿಕ್ಕಿ ವಲಸೆ ಬಂದಿರಲಾರರು. ನಮ್ಮ ಸೀಮೆಯ ನೆನಪಿನಲ್ಲಿ ‘ಧಾತು ಈಶ್ವರ ಬರ’ (ಈಶ್ವರ ಎಂಬುದು ಧಾತುವಿನ ಮುಂದಿನ ಸಂವತ್ಸರ) ಎಂದು ಉಳಿದಿರುವುದು 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಣ್ಣುಮಾಡಿದ ಮಹಾಕ್ಷಾಮ. ಹಾಗಾದರೆ ಜಗಳೂರು ಕಡೆಯಿಂದ ನಡೆದು ಬಂದವರು ನಿಮ್ಮ ತಾತನಲ್ಲ, ಅವರ ತಂದೆಯೋ ಅಜ್ಜನೋ ಇರಬೇಕು. ಅಜ್ಜಿ ಸುಳ್ಳು ಹೇಳಲಿಲ್ಲ. ಬಾಯಿಂದ ಬಾಯಿಗೆ ಬರುವಾಗ ನಡುವಿನ ಒಂದು ತಲೆಮಾರು ಜಾರಿಹೋಗುವುದು ಬಹಳ ಮನೆಗಳಲ್ಲಿ ಆಗಿದೆ. ಅಜ್ಜಿಯ ಮಾತೂ ಅಟ್ಟದ ಪುಸ್ತಕವೂ ಒಂದನ್ನೊಂದು ತಿದ್ದಿಕೊಂಡು ನಿಮ್ಮ ಮನೆತನವನ್ನು ಇನ್ನೂ ಐವತ್ತು ವರ್ಷ ಹಿಂದಕ್ಕೆ ಒಯ್ದಿರುವುದು ನನಗಂತೂ ಬಹಳ ಸಂತೋಷ ಕೊಟ್ಟಿತು.

ಫಲಕದ ಮೇಲೆ ‘ಸ್ಥಾಪನೆ 1933’ ಎಂದು ಬರೆಸುವ ಮೊದಲು ಆ ಪುಸ್ತಕದ ಮೊದಲ ಕೆಲವು ಪುಟಗಳಲ್ಲಿ ಹಿಂಬಾಕಿ ಇದೆಯೇ ನೋಡಿ. ಗಿರಾಕಿಗಳ ಹೆಸರಿನ ಮುಂದೆ ಹಿಂದಿನ ಪುಸ್ತಕದಿಂದ ತಂದ ಬಾಕಿ ಕಾಣಿಸಿದರೆ ಅಂಗಡಿ ಅದಕ್ಕೂ ಮೊದಲೇ ಇತ್ತೆಂದು ಅರ್ಥ. ಎಲ್ಲ ಖಾತೆಗಳೂ ಹೊಸದಾಗಿ ಆರಂಭವಾಗಿದ್ದರೆ ಅದೇ ಮೊದಲ ವರ್ಷವಾಗಿರುವ ಸಂಭವ ಹೆಚ್ಚು. ಆಧಾರ ಇರುವಷ್ಟನ್ನೇ ಬರೆಸಿ.

ಹೆಸರಿನ ವಿಷಯದಲ್ಲಿ ಈ ಟ್ರಂಕು ನಿಮ್ಮ ದೊಡ್ಡ ಬಲ. ವ್ಯಾಪಾರ ಚಿಹ್ನೆಗಳ ಕಾಯಿದೆಯ 34ನೆಯ ಕಲಮು, ಒಂದು ಹೆಸರನ್ನು ಮೊದಲಿನಿಂದ ಎಡೆಬಿಡದೆ ಬಳಸುತ್ತ ಬಂದವರಿಗೆ ರಕ್ಷಣೆ ಕೊಡುತ್ತದೆ. ತಡವಾಗಿ ಬಂದವರು ನೋಂದಣಿ ಮಾಡಿಸಿಕೊಂಡಿದ್ದರೂ ಮೊದಲ ಬಳಕೆದಾರರನ್ನು ತಡೆಯಲಾರರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಲೆಕ್ಕದ ಪುಸ್ತಕದಲ್ಲಿ ತಾತನ ಸ್ವಂತ ಹೆಸರಷ್ಟೇ ಇದ್ದರೆ ಅದು ಅಂಗಡಿಯ ಹೆಸರಿನ ಬಳಕೆಗೆ ಸಾಕ್ಷಿಯಾಗುವುದಿಲ್ಲ. ಅಂಗಡಿಯ ಹೆಸರು ಮುದ್ರಿತವಾದ ಬಿಲ್ಲು, ರಸೀದಿ, ರಬ್ಬರ್ ಮುದ್ರೆ ಒತ್ತಿದ ಕಾಗದ, ಬಟ್ಟೆಯ ಕೈಚೀಲ, ಕೊನೆಗೆ ಮನೆಯವರ ಮದುವೆಯ ಕರೆಯೋಲೆಯಲ್ಲಿ ಅಚ್ಚಾದ ಅಂಗಡಿಯ ಹೆಸರು, ಇವೆಲ್ಲವನ್ನೂ ಕೂಡಿಸಿ. ಬಳಕೆಯ ಆರಂಭದ ದಿನಾಂಕವನ್ನು ಹೇಳಿಕೊಂಡು ಅರ್ಜಿ ಹಾಕುವವರು ಪ್ರಮಾಣಪತ್ರದ (ಅಫಿಡವಿಟ್) ಜೊತೆಗೆ ಇಂಥ ದಾಖಲೆಗಳನ್ನು ಸಲ್ಲಿಸಬೇಕಾಗುತ್ತದೆ. ನೋಂದಣಿಯು 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು.

ಪುಸ್ತಕಗಳಿಗೆ ಲ್ಯಾಮಿನೇಶನ್ ಮಾಡಿಸುವುದು, ಹರಿದ ಕಡೆ ಸೆಲ್ಲೋಟೇಪು ಅಂಟಿಸುವುದು ಬೇಡವೇ ಬೇಡ. ಹಗಲಿನ ಬೆಳಕಿನಲ್ಲಿ, ನೇರ ಬಿಸಿಲು ಬೀಳದಂತೆ, ಪ್ರತಿ ಪುಟದ ಫೋಟೊ ತೆಗೆದು ಒಂದು ಪ್ರತಿಯನ್ನು ಮನೆಯ ಹೊರಗೂ ಇಡಿ.

ಪ್ರಶ್ನೆ: ನಮ್ಮ ಮುತ್ತಜ್ಜ ಹರಪನಹಳ್ಳಿ ತಾಲ್ಲೂಕಿನವರು. ನಾವು ದಾವಣಗೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇವೆ. ಊರಿನ ದಾಖಲೆ ಕೇಳಲು ಹೋದರೆ ಒಂದೊಂದು ಕಡೆ ಒಂದೊಂದು ಜಿಲ್ಲೆಯ ಹೆಸರು ಹೇಳುತ್ತಾರೆ. ಎಲ್ಲಿಂದ ಶುರುಮಾಡಬೇಕು? (ವಿನೋಬನಗರ, ದಾವಣಗೆರೆ)

ಉತ್ತರ: ನಿಮ್ಮ ತೊಡಕಿಗೆ ಕಾರಣ ಗಡಿಗಳು. ಹರಪನಹಳ್ಳಿಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟ ಬಳ್ಳಾರಿ ಜಿಲ್ಲೆಯಲ್ಲಿದ್ದು, ಅಂದು ಮೈಸೂರು ರಾಜ್ಯವನ್ನು ಸೇರಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದಕ್ಕೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಹೊನ್ನಾಳಿ, ಚನ್ನಗಿರಿಯವರು 1997ಕ್ಕಿಂತ ಹಿಂದಿನ ಜಿಲ್ಲಾ ಕಡತಗಳಿಗೆ ಶಿವಮೊಗ್ಗದತ್ತಲೂ, ದಾವಣಗೆರೆ, ಹರಿಹರ, ಜಗಳೂರಿನವರು ಚಿತ್ರದುರ್ಗದತ್ತಲೂ ನೋಡಬೇಕು. ಆದ್ದರಿಂದ ಜಿಲ್ಲೆಯ ಹೆಸರನ್ನು ಬದಿಗಿಟ್ಟು ಗ್ರಾಮ, ಹೋಬಳಿ, ಸರ್ವೆ ನಂಬರುಗಳನ್ನು ಹಿಡಿದುಕೊಳ್ಳಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ನಿಮಗೆ ದಾರಿ ತೋರಿಸುವುದು ಅವೇ. ಕೈಬರಹದ ಪಹಣಿಯಲ್ಲಿ ಹೆಸರು ಬದಲಾದ ವರ್ಷವನ್ನು ಗುರುತಿಸಿಕೊಂಡು ಆ ವರ್ಷದ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಪ್ರತಿಯನ್ನು ಕೇಳಿದರೆ, ಯಾರು ತೀರಿಕೊಂಡು ಯಾರಿಗೆ ಹೊಲ ಬಂತೆಂಬುದು ಸಂಬಂಧಸಹಿತ ಸಿಗುತ್ತದೆ. ಮದ್ರಾಸಿನ ಕಾಲದ ಕಾಗದಗಳಲ್ಲಿ ಪಹಣಿಯಂಥ ದಾಖಲೆಗೆ ಅಡಂಗಲ್ ಎಂಬ ಹೆಸರಿರುವುದನ್ನು ಕಂಡು ಗಾಬರಿಯಾಗಬೇಡಿ. ಉಪನೋಂದಣಿ ಕಚೇರಿಯ ಹಳೆಯ ಕ್ರಯಪತ್ರಗಳಲ್ಲಿ ತಂದೆಯ ಹೆಸರು, ಕಸುಬು, ವಾಸದ ಊರು ಬರೆದಿರುತ್ತಾರೆ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ, ಪಕ್ಕದ ಹೊಲದವರ ಹೆಸರು ಬರುವುದರಿಂದ ಪಾಲಾಗಿ ಹೋದ ದಾಯಾದಿಗಳೂ ಎಷ್ಟೋ ಸಲ ಅಲ್ಲೇ ಸಿಗುತ್ತಾರೆ.

ಊರಿನಲ್ಲಿ ಇನ್ನೂ ಒಂದು ವಿಚಾರಣೆ ಮಾಡಿ. ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆತನಕ್ಕೆ ಬರುವ ಹೆಳವರು ಯಾರು, ಕೊನೆಯ ಬಾರಿ ಯಾವಾಗ ಬಂದಿದ್ದರು ಎಂದು ಹಿರಿಯರನ್ನು ಕೇಳಿ. ಎತ್ತನ್ನೇರಿ ಬಂದು ವಂಶಾವಳಿ ಹೇಳುವ ಅವರ ಪುಸ್ತಕದಲ್ಲಿ ಸರ್ಕಾರಿ ಕಾಗದಕ್ಕಿಂತ ಹಿಂದಿನ ಹೆಸರುಗಳು, ಮೂಲದ ಊರು, ಮನೆದೇವರು, ಬೆಡಗು (ಕುಲದ ಕವಲು) ದಾಖಲಾಗಿರುತ್ತವೆ. ಅವರು ಓದುವಾಗ ಅನುಮತಿ ಪಡೆದು ಧ್ವನಿ ಮುದ್ರಿಸಿಕೊಳ್ಳಿ, ಹಿಂದಿನವರು ಕಾಳು ಕಡ್ಡಿ ಕೊಟ್ಟು ಗೌರವಿಸುತ್ತಿದ್ದಂತೆ ನೀವೂ ತಕ್ಕ ಸಂಭಾವನೆ ಕೊಡಿ. ಅದು ಅವರ ಜೀವನೋಪಾಯ.

ಪ್ರಶ್ನೆ: ನಮ್ಮದು ಮಂಡಕ್ಕಿ ಭಟ್ಟಿ. ಅಂಗಡಿಗೂ ಮನೆಗೂ ಒಂದೇ ಕ್ಯೂಆರ್ ಕೋಡ್ ಇದೆ. ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸು ಬರುತ್ತದೆಂದು ಎಲ್ಲರೂ ಹೆದರಿಸುತ್ತಾರೆ. (ದಾವಣಗೆರೆ)

ಉತ್ತರ: ಮೊದಲು ಅಂಗಡಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಕೋಡ್ ಮಾಡಿಸಿಕೊಳ್ಳಿ. ತಮ್ಮ ಕಳಿಸಿದ ಹಣ, ತೀರಿದ ಕೈಗಡ, ಮಗಳ ಶಾಲೆಯ ಶುಲ್ಕಕ್ಕೆ ಬಂದ ಹಣ ಎಲ್ಲವೂ ವ್ಯಾಪಾರದ ಹಣದೊಡನೆ ಬೆರೆತರೆ ಬೇರ್ಪಡಿಸಿ ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ. ಲೇಬಲ್ ಹಾಕಿ ಪೊಟ್ಟಣ ಕಟ್ಟದೆ ಸಡಿಲವಾಗಿ ಮಾರುವ ಮಂಡಕ್ಕಿಗೆ ತೆರಿಗೆಯಿಲ್ಲ, ಅದೊಂದನ್ನೇ ಮಾರುವವರಿಗೆ ನೋಂದಣಿಯ ಅಗತ್ಯವೂ ಇಲ್ಲ. ಆದರೆ ತೆರಿಗೆ ಇರುವ ಬೇರೆ ತಿನಿಸನ್ನೂ ಮಾರತೊಡಗಿದರೆ ಮಂಡಕ್ಕಿಯ ಮಾರಾಟವೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ನೋಟಿಸು ಬಂದರೆ ಸುಮ್ಮನಿರದೆ, ಕೊಟ್ಟ ಗಡುವಿನೊಳಗೆ ಭತ್ತ ಕೊಂಡ ಚೀಟಿಗಳ ಸಮೇತ ಬರಹದಲ್ಲಿ ಉತ್ತರ ಕೊಡಿ.

ಪ್ರಶ್ನೆ: ತಂದೆಯವರು ಸ್ವಂತ ದುಡಿಮೆಯಿಂದ ಕಟ್ಟಿದ ಹಾರ್ಡ್‌ವೇರ್ ಅಂಗಡಿ ಮತ್ತು ಮಳಿಗೆ ನಮ್ಮದು. ಅವರು ಉಯಿಲು ಬರೆಯದೆ ತೀರಿಕೊಂಡರು. ಮದುವೆಯಾಗಿ ಹೋದ ಅಕ್ಕ, ತಂಗಿಯರ ಹೆಸರು ವಂಶವೃಕ್ಷದಲ್ಲಿ ಬೇಡ, ಮುಂದೆ ತೊಂದರೆ ಎಂದು ಹಿರಿಯರು ಹೇಳುತ್ತಾರೆ. ತಾಯಿ ಇದ್ದಾರೆ. (ಚಿತ್ರದುರ್ಗ)

ಉತ್ತರ: ತೊಂದರೆ ಬರುವುದು ಹೆಸರು ಬಿಟ್ಟಾಗ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆಯ ಸ್ವಯಾರ್ಜಿತದಲ್ಲಿ ತಾಯಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲಿದೆ. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಇದೆ. ಮದುವೆಯಿಂದ ಆ ಪಾಲು ಅಳಿಯುವುದಿಲ್ಲ. ನಾಡಕಚೇರಿಗೆ ಪ್ರಮಾಣಪತ್ರ ಕೊಟ್ಟು ಪಡೆಯುವ ವಂಶವೃಕ್ಷದಲ್ಲಿ ಒಡಹುಟ್ಟಿದವರನ್ನು ಮರೆಮಾಡಿದರೆ ಅದು ಸುಳ್ಳು ಪ್ರಮಾಣವಾಗುತ್ತದೆ, ಮುಂದೆ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಮಳಿಗೆಯ ಹಕ್ಕಿನ ಸರಪಣಿ ಅಲ್ಲೇ ತುಂಡಾಗುತ್ತದೆ. ಅಕ್ಕ, ತಂಗಿ ತಾವಾಗಿ ಪಾಲು ಬಿಡಲು ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ದಾರಿ ಇದೆ; ಒಪ್ಪದಿದ್ದರೆ ಅದು ಅವರ ನ್ಯಾಯವಾದ ಹಕ್ಕು. ತಂದೆಯ ಹೆಸರಿನ ಜಿಎಸ್‌ಟಿ ಸಂಖ್ಯೆಯಲ್ಲಿ ವ್ಯಾಪಾರ ಮುಂದುವರಿಸಬೇಡಿ. ಅಂಗಡಿ ನಡೆಸುವವರು ಹೊಸ ನೋಂದಣಿ ಪಡೆದು, ಉಳಿದ ತೆರಿಗೆ ಜಮೆಯನ್ನು ಐಟಿಸಿ–02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ವ್ಯಾಪಾರ ಪರವಾನಗಿಯನ್ನೂ ಹೊಸ ಹೆಸರಿಗೆ ಮಾಡಿಸಬೇಕು.

ಈ ಮಾತನ್ನು ಬರಿಯ ಕಾನೂನಿಗಾಗಿ ಹೇಳುತ್ತಿಲ್ಲ. ನಮ್ಮ ಹಳೆಯ ವಂಶಾವಳಿಗಳು ಬಹುಮಟ್ಟಿಗೆ ಗಂಡು ಸಂತತಿಯನ್ನೇ ಹಿಡಿದು ಸಾಗಿದ್ದರಿಂದ, ಐದು ತಲೆಮಾರಿನ ಗಂಡಸರ ಹೆಸರು ಗೊತ್ತಿರುವ ಮನೆಗಳಲ್ಲೂ ಅಜ್ಜಿಯ ತವರೂರು ಯಾವುದೆಂದು ಹೇಳುವವರಿಲ್ಲ. ತಾಯಿಯವರನ್ನು ಕೂರಿಸಿಕೊಂಡು ಅವರ ತವರು, ಅವರ ತಾಯಿಯ ಹೆಸರು, ಅಕ್ಕತಂಗಿಯರು ಹುಟ್ಟಿದ ಊರು ಮತ್ತು ವರ್ಷಗಳನ್ನು ಬರೆದುಕೊಳ್ಳಿ. ಆ ಹಾಳೆಯನ್ನು ನೋಡಿಕೊಂಡೇ ನಾಡಕಚೇರಿಯ ಅರ್ಜಿಯನ್ನು ತುಂಬಿಸಿ.