ಹ್ಯಾರಿ ಪಾಟರ್ ಆದ ಮೇಲೆ ಯಾವ ಸರಣಿ? ಎರಡನೇ ಪುಸ್ತಕ ನೋಡಿ ಆರಿಸಿ

ನಮಸ್ಕಾರ ಮೇಡಂ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 13 ವರ್ಷದ ಮಗಳು ಹ್ಯಾರಿ ಪಾಟರ್ ಏಳೂ ಪುಸ್ತಕ ಮುಗಿಸಿದಳು, ಅದೇ ಹುರುಪಿನಲ್ಲಿ ನೀವು ಎರಗಾನ್ ಸರಣಿಯ ನಾಲ್ಕೂ ಪುಸ್ತಕ ಒಟ್ಟಿಗೆ ತಂದುಕೊಟ್ಟಿರಿ, ಎರಡನೆಯದರ ಮಧ್ಯದಲ್ಲಿ ಅವಳು ನಿಲ್ಲಿಸಿದಳು, ಈಗ ಯಾವ ಪುಸ್ತಕವನ್ನೂ ಮುಟ್ಟುತ್ತಿಲ್ಲ. "ಓದುವ ಅಭ್ಯಾಸವೇ ಹೋಯಿತೇನೋ" ಅಂತ ಬರೆದಿದ್ದೀರಿ. ಹೋಗಿಲ್ಲ ಮೇಡಂ. ಅವಳು ನಿಲ್ಲಿಸಿದ ಜಾಗ ಯಾವುದು ಅಂತ ನೋಡಿದರೆ ನನಗೆ ಆಶ್ಚರ್ಯವೇ ಆಗಲಿಲ್ಲ. ನಾನೂ ಅಲ್ಲೇ ಒಂದು ಸಲ ನಿಲ್ಲಿಸಿದ್ದೆ.

ಎರಗಾನ್ ಬರೆಯಲು ಶುರು ಮಾಡಿದಾಗ ಕ್ರಿಸ್ಟೋಫರ್ ಪಾವೊಲಿನಿಗೆ 15 ವರ್ಷ. ಮನೆಯವರೇ ಸೇರಿ 2002ರಲ್ಲಿ ಅಚ್ಚು ಹಾಕಿಸಿದರು, 2003ರಲ್ಲಿ ದೊಡ್ಡ ಪ್ರಕಾಶಕರು ತಂದರು. ಹಳ್ಳಿ ಹುಡುಗನಿಗೆ ಡ್ರ್ಯಾಗನ್ ಮೊಟ್ಟೆ ಸಿಗುತ್ತದೆ, ಕತೆ ಓಡುತ್ತದೆ. ಎರಡನೆಯ ಪುಸ್ತಕ ಎಲ್ಡೆಸ್ಟ್‌ನಲ್ಲಿ ಆ ಹುಡುಗ ಕಾಡಿನೊಳಗೆ ಕೂತು ಪಾಠ ಕಲಿಯುತ್ತಾನೆ. ಕಲಿಯುತ್ತಾನೆ, ಇನ್ನೂ ಕಲಿಯುತ್ತಾನೆ. ಅದೇ ಪುಸ್ತಕದಲ್ಲಿ ಅವನ ಅಣ್ಣನಂಥ ರೋರನ್ ಇದ್ದಾನಲ್ಲ, ಮಂತ್ರ ಗೊತ್ತಿಲ್ಲ, ಡ್ರ್ಯಾಗನ್ ಇಲ್ಲ, ಕೈಯಲ್ಲಿ ಒಂದು ಸುತ್ತಿಗೆ ಅಷ್ಟೇ. ಊರಿನವರನ್ನೆಲ್ಲ ಕಟ್ಟಿಕೊಂಡು ಹೊರಡುತ್ತಾನೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಉಸಿರಾಡುವ ಭಾಗ ಅದೇ. ಮಗಳಿಗೆ ಬೇಕಿದ್ದರೆ ಹೇಳಿ, ರೋರನ್ ಅಧ್ಯಾಯಗಳನ್ನು ಮಾತ್ರ ಓದಿಕೊಂಡು ಹೋಗಲಿ. ತಪ್ಪೇನಿಲ್ಲ. ಮೂರು ಪುಸ್ತಕಕ್ಕೆ ಮುಗಿಯಬೇಕಿದ್ದ ಕತೆ ನಾಲ್ಕಾಯಿತು, ಕೊನೆಯದು ಬಂದಿದ್ದು 2011ರಲ್ಲಿ. ಅದು ಬೇಡ ಅನಿಸಿದರೆ ಅಲ್ಲಿಗೇ ಬಿಡಲಿ.

ನಾನು ಇಷ್ಟು ವರ್ಷ ಇಂಥ ಸರಣಿಗಳನ್ನು ಓದಿ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೇನೆ. ಸರಣಿಯನ್ನು ಮೊದಲ ಪುಸ್ತಕದಿಂದ ಅಳೆಯಬಾರದು, ಎರಡನೆಯದರಿಂದ ಅಳೆಯಬೇಕು. ಮೊದಲನೆಯದರಲ್ಲಿ ಹೊಸ ಲೋಕವೇ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ನಕ್ಷೆ ಹೊಸತು, ಮಂತ್ರ ಹೊಸತು, ಪ್ರಾಣಿಗಳು ಹೊಸವು. ಎರಡನೆಯದಕ್ಕೆ ಬರುವಾಗ ಆ ಬೆರಗು ಖರ್ಚಾಗಿರುತ್ತದೆ. ಆಗ ಲೇಖಕರ ಹತ್ತಿರ ಹೇಳುವುದಕ್ಕೆ ನಿಜವಾಗಿ ಏನಾದರೂ ಇದೆಯಾ ಅನ್ನುವುದು ಗೊತ್ತಾಗುತ್ತದೆ. ಒಳ್ಳೆಯ ಲೇಖಕರು ಅಲ್ಲಿ ಏನನ್ನಾದರೂ ಬದಲಿಸುತ್ತಾರೆ. ಉಳಿದವರು ಅದನ್ನೇ ಇನ್ನೊಮ್ಮೆ, ಸ್ವಲ್ಪ ದಪ್ಪಗೆ ಬರೆಯುತ್ತಾರೆ.

ಹ್ಯಾರಿ ಪಾಟರ್ ಈ ಲೆಕ್ಕಕ್ಕೆ ಪೂರ್ತಿ ಕೂರುವುದಿಲ್ಲ, ಅದನ್ನೂ ಹೇಳಬೇಕು. ಅದರ ಎರಡನೆಯ ಪುಸ್ತಕ ಮೊದಲಿನ ಅಚ್ಚಿನಲ್ಲೇ ಇದೆ. ಕತೆ ನಿಜವಾಗಿ ತೆರೆದುಕೊಳ್ಳುವುದು ಮೂರನೆಯದರಲ್ಲಿ. ಆದರೂ ಅದು ನಡೆಯಿತು, ಯಾಕೆಂದರೆ ಪುಸ್ತಕ ಓದುಗರ ಜೊತೆಗೇ ಬೆಳೆಯಿತು. ಬ್ರಿಟಿಷ್ ಆವೃತ್ತಿಯಲ್ಲಿ ಮೊದಲನೆಯದು 223 ಪುಟ, ಐದನೆಯದು 766. ನಿಮ್ಮ ಮಗಳು ಆ 766 ಪುಟ ದಾಟಿದ್ದಾಳೆ. ಹಾಗಾಗಿ ದಪ್ಪ ನೋಡಿ ಹೆದರುವ ಹುಡುಗಿಯಂತೂ ಅಲ್ಲ ಅಲ್ವಾ?

ಈಗ ಅವಳಿಗೆ ಏನು ಕೊಡುವುದು? ನಾನು ಮೊದಲು ಹೇಳುವುದು ಅರ್ಸುಲಾ ಲೆ ಗ್ವಿನ್ ಬರೆದ ಅರ್ಥ್‌ಸೀ. ಮೊದಲ ಪುಸ್ತಕ 1968ರದು. ಸಣ್ಣ ಪುಸ್ತಕ. ದ್ವೀಪಗಳ ಲೋಕ, ಮಂತ್ರ ಕಲಿಸುವ ಶಾಲೆ, ಗೆಡ್ ಅನ್ನುವ ಹುಡುಗ. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರು ಇರುತ್ತದೆ, ಆ ಹೆಸರು ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಗೆಡ್ ಜಂಬದಿಂದ ಒಂದು ನೆರಳನ್ನು ಎಬ್ಬಿಸಿಬಿಡುತ್ತಾನೆ, ಆಮೇಲೆ ಅದು ಅವನನ್ನು ಅಟ್ಟಿಸಿಕೊಂಡು ಬರುತ್ತದೆ. ಇಲ್ಲಿ ದೊಡ್ಡ ಯುದ್ಧ ಇಲ್ಲ. ತಪ್ಪು ಮಾಡಿದವನು ತಾನೇ ಹೋಗಿ ಅದನ್ನು ಎದುರಿಸಬೇಕು, ಅಷ್ಟೇ. 13ನೇ ವಯಸ್ಸಿನಲ್ಲಿ ಇದು ನೇರ ಎದೆಗೆ ತಾಗುತ್ತದೆ.

ಎರಡನೆಯದು, ದಿ ಟೂಂಬ್ಸ್ ಆಫ್ ಅಟುವಾನ್, 1971. ಅಲ್ಲಿ ಲೆ ಗ್ವಿನ್ ಏನು ಮಾಡಿದರು ನೋಡಿ. ನಾವು ಮೆಚ್ಚಿಕೊಂಡ ಗೆಡ್‌ನನ್ನು ಪಕ್ಕಕ್ಕೆ ಇಟ್ಟರು. ತೆನಾರ್ ಅನ್ನುವ ಪುಟ್ಟ ಹುಡುಗಿಯನ್ನು ಮನೆಯಿಂದ ಕರೆದುಕೊಂಡು ಹೋಗಿ, ಹೆಸರನ್ನೂ ಕಿತ್ತುಕೊಂಡು, ಕತ್ತಲೆಯ ದೇವತೆಗಳ ಪೂಜಾರಿಣಿ ಮಾಡುತ್ತಾರೆ. ನೆಲದಡಿಯಲ್ಲಿ ದೀಪ ಹಚ್ಚಬಾರದ ಒಂದು ಗುಹೆ, ಅದರಾಚೆ ಚಕ್ರವ್ಯೂಹದಂಥ ದಾರಿಗಳು. ಅವಳು ಗೋಡೆ ಸವರುತ್ತಾ ತಿರುವುಗಳನ್ನು ಎಣಿಸಿ ದಾರಿ ಕಲಿಯುತ್ತಾಳೆ. ಕತೆ ಸಾಕಷ್ಟು ಮುಂದೆ ಹೋದ ಮೇಲೆ ಒಂದು ದಿನ ಆ ಕತ್ತಲಲ್ಲಿ ಬೆಳಕು ಕಾಣುತ್ತದೆ, ಗೆಡ್ ಬರುವುದು ಆಗ. ನಾವು ಅವನನ್ನು ಅವಳ ಕಣ್ಣಿನಿಂದ, ಒಬ್ಬ ಕಳ್ಳನ ಹಾಗೆ ನೋಡುತ್ತೇವೆ. ಎರಡನೇ ಪುಸ್ತಕ ಅಂದರೆ ಹೀಗಿರಬೇಕು. ಮೂರನೆಯದು 1972ರಲ್ಲಿ ಬಂತು. ನಾಲ್ಕನೆಯದು ತೆಹಾನು, 18 ವರ್ಷ ಬಿಟ್ಟು, 1990ರಲ್ಲಿ. ಅದನ್ನು ಈಗಲೇ ಕೊಡಬೇಡಿ. ಮಗುವಿನ ಮೇಲೆ ನಡೆದ ಕ್ರೌರ್ಯ ಅದರಲ್ಲಿದೆ. ಮೂರು ಓದಿ ನಿಲ್ಲಿಸಿ, ಇನ್ನು ಕೆಲವು ವರ್ಷ ಬಿಟ್ಟು ತೆಹಾನು ಓದಲಿ. ಅಷ್ಟು ಹೊತ್ತಿಗೆ ನೀವೂ ಓದಿರಿ, ಅದು ದೊಡ್ಡವರಿಗೇ ಜಾಸ್ತಿ ಮಾತಾಡುವ ಪುಸ್ತಕ.

ಫಿಲಿಪ್ ಪುಲ್‌ಮನ್ ಸರಣಿ, ಹಿಸ್ ಡಾರ್ಕ್ ಮೆಟೀರಿಯಲ್ಸ್, ನಿಮ್ಮ ಪೋಸ್ಟ್ ಕೆಳಗೆ ತುಂಬಾ ಜನ ಹೇಳಿದ್ದಾರೆ. ನನಗೂ ಇಷ್ಟ. ಪ್ರತಿ ಮನುಷ್ಯನ ಜೊತೆಗೂ ಅವನ ಜೀವದ ಒಂದು ಭಾಗ ಪ್ರಾಣಿಯ ರೂಪದಲ್ಲಿ ಇರುತ್ತದೆ, ಮಕ್ಕಳದ್ದು ರೂಪ ಬದಲಿಸುತ್ತಾ ಇರುತ್ತದೆ, ದೊಡ್ಡವರಾಗುವಾಗ ಒಂದೇ ರೂಪಕ್ಕೆ ನಿಲ್ಲುತ್ತದೆ. ಬೆಳೆಯುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಎರಡನೆಯ ಪುಸ್ತಕ ಇಲ್ಲೂ ಧೈರ್ಯದ್ದು, ಲೈರಾಳನ್ನು ಬಿಟ್ಟು ನಮ್ಮದೇ ಲೋಕದ ವಿಲ್ ಅನ್ನುವ ಹುಡುಗನಿಂದ ಶುರುವಾಗುತ್ತದೆ. ಮೂರನೆಯದು ಉದ್ದ, ದೇವರು ಧರ್ಮದ ಬಗ್ಗೆ ಗಟ್ಟಿ ಪ್ರಶ್ನೆ ಕೇಳುತ್ತದೆ. ಅದನ್ನು ಅವಳ ಜೊತೆಗೇ ಓದಿ, ಮಾತಾಡಿ. ಕೊಳ್ಳುವಾಗ ಒಂದು ಎಚ್ಚರ: ಮೊದಲ ಪುಸ್ತಕ ಬ್ರಿಟನ್ನಿನಲ್ಲಿ ನಾರ್ದರ್ನ್ ಲೈಟ್ಸ್, ಅಮೆರಿಕದಲ್ಲಿ ದಿ ಗೋಲ್ಡನ್ ಕಂಪಸ್. ಎರಡೂ ಒಂದೇ, ಎರಡು ಸಲ ತರಬೇಡಿ.

ಪರ್ಸಿ ಜಾಕ್ಸನ್ ಬಗ್ಗೆ ಕೆಲವರು ಮೂಗು ಮುರಿದಿದ್ದಾರೆ. ಎರಡನೇ ಪುಸ್ತಕದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ, ಮತ್ತೆ ಪ್ರಯಾಣ, ಮತ್ತೆ ರಾಕ್ಷಸರು. ಆದರೆ ಗ್ರೀಕ್ ದೇವರುಗಳ ಈ ಕತೆಯನ್ನು ರಿಕ್ ರಿಯೋರ್ಡನ್ ಮೊದಲು ಹೇಳಿದ್ದು ತನ್ನ ಮಗನಿಗೆ, ಮಲಗುವ ಹೊತ್ತಿನಲ್ಲಿ. ಆ ಹುಡುಗನಿಗೆ ಓದುವುದೇ ಕಷ್ಟವಿತ್ತು. ಅದಕ್ಕೇ ಆ ಪುಸ್ತಕಗಳು ಅಷ್ಟು ಸಲೀಸಾಗಿ ಓದಿಸಿಕೊಳ್ಳುತ್ತವೆ. ಪುಸ್ತಕದಿಂದ ದೂರ ಹೋದ ಮಗುವನ್ನು ವಾಪಸ್ ಕರೆತರಲು ಮೊದಲ ಐದು ಸಾಕು. ಅದರ ಹಿಂದೆ ಬಂದ ಬೇರೆ ಸರಣಿಗಳಿಗೆ ಆತುರ ಬೇಡ.

ನಿಮ್ಮ ಮಗಳು ಮಾತು ಕಡಿಮೆ, ಒಬ್ಬಳೇ ಇರುತ್ತಾಳೆ ಅಂತ ಬರೆದಿದ್ದೀರಿ. ಅದನ್ನು ಓದಿದ ತಕ್ಷಣ ನನಗೆ ನೆನಪಾಗಿದ್ದು ಗಾರ್ತ್ ನಿಕ್ಸ್ ಬರೆದ ಲಿರಿಯಲ್. ಸರಣಿಯ ಮೊದಲ ಪುಸ್ತಕ ಸಬ್ರಿಯಲ್, 1995. ಸತ್ತವರು ಎದ್ದು ಬಾರದ ಹಾಗೆ ನೋಡಿಕೊಳ್ಳುವ ಮನೆತನ, ಅವರ ಆಯುಧ ಕೈಯಲ್ಲಿ ಹಿಡಿದು ಬಾರಿಸುವ ಏಳು ಗಂಟೆಗಳು. ಮೊದಲನೆಯದು ನಿದ್ದೆ ಬರಿಸುತ್ತದೆ. ಏಳನೆಯದನ್ನು ಬಾರಿಸಿದರೆ ಕೇಳಿದವರೆಲ್ಲ ಸಾವಿನೊಳಗೆ ಹೋಗುತ್ತಾರೆ, ಬಾರಿಸಿದವರೂ ಸೇರಿ. ಮಂತ್ರಕ್ಕೆ ಬೆಲೆ ತೆರಬೇಕು ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ ಸರಣಿಗಳು ಕಡಿಮೆ.

ಲಿರಿಯಲ್ 2001ರಲ್ಲಿ ಬಂತು. ಇದೇ ಎರಡನೆಯ ಪುಸ್ತಕ, ಇಲ್ಲೂ ನಾಯಕಿ ಹೊಸಬಳು. ಅವಳ ಸುತ್ತ ಇರುವವರಿಗೆಲ್ಲ ಮುಂದಾಗುವುದು ಕಾಣುತ್ತದೆ, ಅವಳಿಗೆ 14 ತುಂಬಿದರೂ ಆ ಶಕ್ತಿ ಬಂದಿಲ್ಲ. ತನಗಿಂತ ಚಿಕ್ಕವರೂ ಮುಂದೆ ಹೋಗುತ್ತಿದ್ದಾರೆ. ಕೊನೆಗೆ ಅವಳಿಗೆ ಗ್ರಂಥಾಲಯದಲ್ಲಿ ಕೆಲಸ ಸಿಗುತ್ತದೆ. ಬೆಟ್ಟದೊಳಗೆ ಸುತ್ತಿ ಸುತ್ತಿ ಇಳಿಯುವ ಗ್ರಂಥಾಲಯ, ಕೆಲವು ಬಾಗಿಲುಗಳ ಹಿಂದೆ ಅಪಾಯ. ಜೊತೆಗೆ ಮಾತಾಡುವ ಒಂದು ನಾಯಿ. ಒಂಟಿತನವನ್ನು ಅಯ್ಯೋ ಪಾಪ ಅನ್ನದೆ ಬರೆದಿದ್ದಾರೆ. ಆದರೆ ಮೊದಲ ಅಧ್ಯಾಯಗಳಲ್ಲಿ ಆ ಹುಡುಗಿಗೆ ಸಾಯಬೇಕು ಅನ್ನುವ ಯೋಚನೆ ಬರುತ್ತದೆ. ಕತೆ ಅಲ್ಲಿಂದ ಮೇಲಕ್ಕೇ ಹೋಗುತ್ತದೆ, ಆದರೂ ನೀವು ಮೊದಲು ಓದಿ, ನಿಮ್ಮ ಮಗಳಿಗೆ ಈಗ ಸರಿಯಾ ಅಂತ ನೀವೇ ನೋಡಿ. ಇದನ್ನು ಸುಮ್ನೆ ಕೊಟ್ಟುಬಿಡಬೇಡಿ.

ಜೊನಾಥನ್ ಸ್ಟ್ರೌಡ್ ಅವರ ಬಾರ್ಟಿಮಿಯಸ್ ಮೂರು ಪುಸ್ತಕ, 2003ರಿಂದ 2005. ನಗು ಬೇಕಿದ್ದರೆ ಇದು. ಐದು ಸಾವಿರ ವರ್ಷದ ಒಬ್ಬ ಜಿನ್, ಅಂದರೆ ಭೂತದಂಥವನು, ಕತೆ ಹೇಳುತ್ತಾನೆ, ಅಡಿಟಿಪ್ಪಣಿಗಳಲ್ಲೂ ಬಿಡದೆ ಮಾತಾಡುತ್ತಾನೆ. ಎರಡನೆಯದರಲ್ಲಿ ಕಿಟ್ಟಿ ಅನ್ನುವ ಹುಡುಗಿಯ ದನಿ ಸೇರುತ್ತದೆ, ಆಗ ಆ ಜಿನ್‌ನನ್ನು ಕರೆಸಿಕೊಂಡ ಮಂತ್ರವಾದಿ ಹುಡುಗ, ಅಂದರೆ ನಾಯಕ, ಎಂಥವನಾಗುತ್ತಿದ್ದಾನೆ ಅನ್ನುವುದು ಬೇರೆಯೇ ಕಾಣುತ್ತದೆ.

ಇಲ್ಲಿ ಒಬ್ಬರು ಸಾರಾ ಜೆ. ಮಾಸ್ ಅವರ ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್ ಹೇಳಿದ್ದಾರೆ. 13ಕ್ಕೆ ಅದು ಬೇಡ ಮೇಡಂ. 2015ರಲ್ಲಿ ಬಂದಾಗ ಟೀನೇಜ್ ಪುಸ್ತಕವಾಗಿ ಮಾರಾಟವಾಯಿತು, ಆಮೇಲೆ ಪ್ರಕಾಶಕರೇ ದೊಡ್ಡವರ ಸಾಲಿಗೆ ಹಾಕಿದರು. ಯಂಗ್ ಅಡಲ್ಟ್ ಅನ್ನುವ ಹೆಸರಿನಡಿ 12 ವರ್ಷದವರದ್ದೂ 18 ದಾಟಿದವರದ್ದೂ ಒಟ್ಟಿಗೆ ಇರುತ್ತವೆ. ಸಿಕ್ಸ್ ಆಫ್ ಕ್ರೋಸ್ ಎರಡೇ ಪುಸ್ತಕದಲ್ಲಿ ಮುಗಿಯುವ ಚಂದದ ಕತೆ, ಆದರೆ ಅದಕ್ಕೂ 16 ಆಗಲಿ, ರಕ್ತಪಾತ ಜಾಸ್ತಿ ಇದೆ.

ಸೆಟ್ ತರುವುದನ್ನು ಮಾತ್ರ ಬಿಡಿ. ಒಟ್ಟಿಗೆ ತಂದ ನಾಲ್ಕು ಪುಸ್ತಕ ಕಪಾಟಿನಲ್ಲಿ ಕೂತು ಮಗುವನ್ನು ದಿನಾ ಕೇಳುತ್ತಿರುತ್ತವೆ, ಯಾಕೆ ಓದಿಲ್ಲ ಅಂತ. ಮೊದಲ ಎರಡು ಮಾತ್ರ ತನ್ನಿ, ಗ್ರಂಥಾಲಯದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ಅಧ್ಯಾಯ ನೀವೇ ಜೋರಾಗಿ ಓದಿ ಹೇಳಿ, 13 ವರ್ಷದವರೂ ಕೇಳುತ್ತಾರೆ. 50 ಪುಟ ದಾಟಿಯೂ ಹಿಡಿಯದಿದ್ದರೆ ಬದಲಿಸಿ, ಕಾರಣ ಕೇಳಬೇಡಿ. ಎರಡನೆಯ ಪುಸ್ತಕದ ಹಿಂಬದಿಯ ಬರಹವನ್ನು ಮೊದಲನೆಯದು ಮುಗಿಯುವ ಮುಂಚೆ ಓದದಂತೆ ಹೇಳಿ, ಕೆಲವು ಪ್ರಕಾಶಕರು ಅಲ್ಲೇ ಎಲ್ಲ ಬಿಟ್ಟುಕೊಡುತ್ತಾರೆ.

ನಾನಾದರೆ ಅರ್ಥ್‌ಸೀಯ ಮೊದಲ ಎರಡರಿಂದ ಶುರು ಮಾಡುತ್ತೇನೆ, ಆಮೇಲೆ ಸಬ್ರಿಯಲ್. ಮುಂದೆ ಲಿರಿಯಲ್ ಕೊಡುವ ದಿನ ಬಂದರೆ ಮೂರನೆಯದಾದ ಅಬ್‌ಹಾರ್ಸನ್ ಮೊದಲೇ ತಂದಿಟ್ಟಿರಿ. ಅದೊಂದು ಕಡೆ ಮಾತ್ರ ನನ್ನ ಮಾತು ಮುರಿಯಬೇಕು, ಯಾಕೆಂದರೆ ಲಿರಿಯಲ್ ಕತೆಯ ನಡುವೆಯೇ ನಿಲ್ಲುತ್ತದೆ. ಮುಂದಿನದು ಆ ರಾತ್ರಿಯೇ ಕೈಗೆ ಸಿಗಬೇಕು.